ಎಣ್ಣೆ ಮುಟ್ಟದ ಮಹಾಶಯರಿಗೆ

ನಮ್ಮ ಅಡುಗೆಮನೆಯ ಕಟ್ಟೆಯಿಂದ ಮಿಕ್ಸಿಯನ್ನು ಎತ್ತಂಗಡಿ ಮಾಡಿಸಿ, ಆ ಜಾಗದಲ್ಲಿ ವಿರಾಜಮಾನರಾಗಿರುವ ಶ್ರೀಮಾನ್ ಏರ್ ಫ್ರೈಯರ್ ಅವರ ಸನ್ನಿಧಿಗೆ,

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದ ಬಾಡಿಗೆ ಮನೆಯಿಂದ, ಕೊಡಗಿನ ಕಡೆಯ ಒಬ್ಬ ಅಡುಗೆಯವನು ಮಾಡುವ ನಮಸ್ಕಾರಗಳು.

ತಮ್ಮ ಕೀರ್ತಿ ದಿನೇ ದಿನೇ ಹೆಚ್ಚುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದೇನೆ. ಊಟಕ್ಕೆ ಬಂದವರು ಹಂದಿಮಾಂಸದ ಟಾಕೊ ಬಾಯಿಗಿಟ್ಟು ಕ್ಷಣ ಹೊತ್ತು ಕಣ್ಣು ಮುಚ್ಚುತ್ತಾರೆ, ತೆರೆದ ಕೂಡಲೇ ತಮ್ಮ ಕಡೆ ತಿರುಗುತ್ತಾರೆ. ‘ಇದರಲ್ಲೇ ಮಾಡಿದ್ದಾ? ಯಾವ ಕಂಪನಿ? ಎಷ್ಟು ಬಿತ್ತು?’ ಮಾಡಿದವನು ಪಕ್ಕದಲ್ಲೇ ಸೌಟು ಹಿಡಿದು ನಿಂತಿರುತ್ತಾನೆ. ಅವನದು ಯಾವ ಕಂಪನಿ ಎಂದು ಇದುವರೆಗೆ ಯಾರೂ ಕೇಳಿಲ್ಲ.

ಇರಲಿ, ಅದಕ್ಕಲ್ಲ ಈ ಪತ್ರ. ತಮ್ಮನ್ನು ಹೊತ್ತು ತಂದ ಪೆಟ್ಟಿಗೆಯ ಮೇಲೆ ಒಂದು ಬಣ್ಣದ ಚಿತ್ರವಿದೆ. ಎಳೆ ಎಳೆಯಾಗಿ ಬಿಡಿಸಿದ ಕಂದುಗೆಂಪು ಹಂದಿಮಾಂಸ, ಮೇಲೆ ಕೊತ್ತಂಬರಿ, ಪಕ್ಕದಲ್ಲಿ ನಿಂಬೆಹೋಳು. ಎಣ್ಣೆಯೂ ಬೇಡ, ಕಾಯುವುದೂ ಬೇಡ ಎಂದು ಕೆಳಗೆ ಎರಡು ಭರವಸೆ. ಬಾಕಿ ಎಲ್ಲ ಬಿಡಿ, ಆ ಎರಡರ ಬಗ್ಗೆ ತಮ್ಮಲ್ಲಿ ಕೊಂಚ ಮಾತಾಡುವುದಿದೆ.

ಎಣ್ಣೆಯ ವಿಚಾರ ಮೊದಲು. ತಾವು ಚಿತ್ರದಲ್ಲಿ ತೋರಿಸಿದ ಪದಾರ್ಥದ ಹೆಸರು ಕಾರ್ನಿತಾಸ್. ಅದರ ತವರು ಮೆಕ್ಸಿಕೋದ ಮಿಚೋವಾಕಾನ್ ರಾಜ್ಯ. ಅಲ್ಲಿ ಕಿರೋಗಾ ಎಂಬ ಊರಿದೆ, ಕಾರ್ನಿತಾಸ್‌ನಿಂದಲೇ ಹೆಸರು ಮಾಡಿದ ಊರು. ಅಲ್ಲಿಂದ ಬಹಳ ದೂರವಲ್ಲದ ಸಾಂತಾ ಕ್ಲಾರಾ ದೆಲ್ ಕೋಬ್ರೆಯಲ್ಲಿ ಕಂಚುಗಾರರಂಥ ಕುಶಲಕರ್ಮಿಗಳು ತಾಮ್ರವನ್ನು ಕೆಂಪಗೆ ಕಾಯಿಸಿ, ಬಡಿದು ಬಡಿದು ಹಂಡೆ ಮಾಡುತ್ತಾರೆ. ಕಾಸೊ ಎನ್ನುವ ಆ ಹಂಡೆಗೆ ಹಂದಿಯ ನೆಣ ತುಂಬಿಸಿ, ಕರಗಿದ ಮೇಲೆ ಮಾಂಸದ ದೊಡ್ಡ ದೊಡ್ಡ ತುಂಡು ಇಳಿಬಿಟ್ಟು, ಮರದ ಹುಟ್ಟಿನಿಂದ ಕದಡುತ್ತ ಗಂಟೆಗಟ್ಟಲೆ ಬೇಯಿಸುವುದು ಪದ್ಧತಿ. ಕಿತ್ತಳೆ ಹಾಕುವವರಿದ್ದಾರೆ, ಹಾಲು ಹಾಕುವವರಿದ್ದಾರೆ, ಕೋಲಾ ಸುರಿಯುವವರೂ ಇದ್ದಾರೆ. ಗಿರಾಕಿ ಬಂದು ಮಸಿಸಾ ಎಂದರೆ ಬರೀ ಮಾಂಸ, ಕ್ವೆರಿತೊ ಎಂದರೆ ತೊಗಲು, ಬುಚೆ ಎಂದರೆ ಹೊಟ್ಟೆಭಾಗ, ಸುರ್ತಿದಾ ಎಂದರೆ ಎಲ್ಲವೂ ಒಂದೊಂದು ಹಿಡಿ. ಈ ಸಂಸಾರಕ್ಕೆ ತಾವು ಎಣ್ಣೆ ಮುಟ್ಟದ ಅಳಿಯನಾಗಿ ಬಂದಿದ್ದೀರಿ.

ಚರಿತ್ರೆಯ ಒಂದು ತಮಾಷೆಯೂ ಇದೆ, ತಮಗೆ ಖುಷಿಯಾದೀತು. ಸ್ಪೇನಿನವರು ಬರುವ ಮುಂಚೆ ಮೆಕ್ಸಿಕೋದಲ್ಲಿ ಹಂದಿ ಇರಲಿಲ್ಲ. ಬೇಯಿಸುವುದು, ಕೆಂಡದಲ್ಲಿ ಸುಡುವುದು, ಹಬೆಗಿಡುವುದು, ಇವೇ ಅಲ್ಲಿನ ಅಡುಗೆಯ ದಾರಿಗಳು; ಕೊಬ್ಬಿನಲ್ಲಿ ಕರಿಯುವುದು ತೀರ ಅಪರೂಪ. 1521ರ ಆಗಸ್ಟ್‌ನಲ್ಲಿ ಅಸ್ತೆಕರ ರಾಜಧಾನಿ ತೆನೋಚ್‌ತಿತ್ಲಾನ್ ಪತನವಾದ ಮೇಲೆ ಸ್ಪೇನಿನ ದಂಡನಾಯಕ ಎರ್ನಾನ್ ಕೊರ್ತೆಸ್ ಕೊಯೊವಾಕಾನ್‌ನಲ್ಲಿ ವಿಜಯದ ಔತಣ ಇಟ್ಟನೆಂದೂ, ಅದಕ್ಕೆ ಕ್ಯೂಬಾದಿಂದ ಬಂದ ಹಂದಿಗಳಿದ್ದವೆಂದೂ ಅವನ ಜೊತೆಗಿದ್ದ ಬೆರ್ನಾಲ್ ದಿಯಾಸ್ ಬರೆದಿದ್ದಾನೆ. ನೆಣ, ಕರಿಯುವುದು, ಕಾರ್ನಿತಾಸ್ ಎಲ್ಲವೂ ಆಮೇಲಿನ ಸಂಗತಿ. ಹೀಗಿರುವಾಗ ಎಣ್ಣೆಯಿಲ್ಲದ ಅಡುಗೆಯ ಹೊಸ ಯುಗ ಎಂದು ತಾವು ಡಂಗುರ ಸಾರಿದ್ದನ್ನು ಅಸ್ತೆಕರ ದೊರೆ ಮೊಕ್ತೆಸುಮಾ ಕೇಳಿಸಿಕೊಂಡಿದ್ದರೆ, ‘ಅದರಲ್ಲಿ ಹೊಸದೇನು?’ ಎನ್ನುತ್ತಿದ್ದ.

ತಮ್ಮ ಜಾತಕವನ್ನೂ ನೋಡಿದೆ. ನೆದರ್‌ಲ್ಯಾಂಡ್ಸ್‌ನ ಫ್ರೆಡ್ ವಾನ್ ಡೆರ್ ವೇಯ್ ಎಂಬವರು ರೂಪಿಸಿದ ಯಂತ್ರವನ್ನು ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್‌ನ ಮೇಳದಲ್ಲಿ ಲೋಕಕ್ಕೆ ಪರಿಚಯಿಸಿತು. ಅದೇ 2010ರ ನವೆಂಬರಿನಲ್ಲಿ ಯುನೆಸ್ಕೋ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾದರಿಯೆಂದು ಎತ್ತಿಕೊಂಡಿದ್ದು ಯಾವ ರಾಜ್ಯವನ್ನು ಗೊತ್ತೇ? ಮಿಚೋವಾಕಾನ್! ತಾಮ್ರದ ಹಂಡೆಗೆ ಸನ್ಮಾನ ಸಿಕ್ಕ ವರ್ಷವೇ ತಮ್ಮ ನಾಮಕರಣ.

ಇನ್ನು ಎರಡನೆಯ ಭರವಸೆ. ಕಾಯುವುದು ಬೇಡವಂತೆ.

ಕಡಿಮೆ ಖರ್ಚಿನಲ್ಲಿ ಮೆಕ್ಸಿಕನ್ ಹಂದಿಮಾಂಸ ಮಾಡಬೇಕೆಂದರೆ ಹೆಗಲ ಭಾಗವನ್ನೇ ಕೊಳ್ಳಬೇಕು. ಇಲ್ಲಿಯ ಮೆಕ್ಸಿಕನ್ ಮಾಂಸದಂಗಡಿಗಳಲ್ಲಿ ಎಸ್ಪಾಲ್ದಿಯಾ ಎಂದು ಕೇಳಿದರೆ ಪೌಂಡಿಗೆ 2–3 ಡಾಲರಿಗೆ ಸಿಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಪಕ್ಕಕ್ಕೇ ಮಲಗಿರುವ ಟೆಂಡರ್‌ಲಾಯಿನ್‌ಗೆ ಅದಕ್ಕಿಂತ ಜಾಸ್ತಿ. ಹೆಗಲು ಏಕೆ ಅಗ್ಗ? ಪ್ರಾಣಿ ನಡೆದಾಡಿ, ಮೂತಿಯಿಂದ ನೆಲ ಕೆದಕಿ ದುಡಿಸಿಕೊಂಡ ಭಾಗ ಅದು. ಕುಯ್ದು ನೋಡಿದರೆ ಕೆಂಪು ಸ್ನಾಯುಗಳ ನಡುವೆ ಹಾಲಿನ ಬಣ್ಣದ ಪೊರೆ, ಅದರ ಪಕ್ಕ ನೆಣದ ಪದರ, ಮತ್ತೆ ಪೊರೆ. ಆ ಪೊರೆಯೇ ಕೊಲಾಜನ್. ಅದು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನವಾಗಿ ಕರಗತೊಡಗುತ್ತದೆ. ಬೆರಳಲ್ಲಿ ಬಿಡಿಸಲು ಬರಬೇಕಾದರೆ ಮಾಂಸದ ಒಳಗು 90–95 ಡಿಗ್ರಿಗೆ ಹೋಗಿ, ಅಲ್ಲೇ ಕೊಂಚ ಹೊತ್ತು ಕೂರಬೇಕು. ಅಂಗಡಿಯಲ್ಲಿ ಉಳಿಸಿದ ದುಡ್ಡನ್ನು ಒಲೆಯ ಮುಂದೆ ಹೊತ್ತಿನ ಲೆಕ್ಕದಲ್ಲಿ ಕಟ್ಟಲೇಬೇಕು. ತಾವು ಉಳಿಸಿಕೊಡುತ್ತೇನೆಂದು ಹೊರಟಿರುವುದು ಆ ಹೊತ್ತನ್ನೇ!

ತಮ್ಮ ಒಳಗನ್ನು ಬಗ್ಗಿ ನೋಡಿದ್ದೇನೆ. ಸುರುಳಿಯಾದ ಒಂದು ಕಾಯಿಲ್, ಅದರ ಮೇಲೊಂದು ಫ್ಯಾನ್. ಬಿಸಿಗಾಳಿಯನ್ನು ರಭಸದಿಂದ ಸುತ್ತಿಸುವ ವಿದ್ಯೆ ಬಿಟ್ಟರೆ ತಮಗೆ ಇನ್ನೊಂದು ಬರುವುದಿಲ್ಲ. ಹಸಿ ಹೆಗಲ ತುಂಡುಗಳನ್ನು ತಮಗೊಪ್ಪಿಸಿ 200 ಡಿಗ್ರಿಗಿಟ್ಟರೆ ಅರ್ಧ ಗಂಟೆಯೊಳಗೆ ಮೇಲ್ಮೈ ಚಿತ್ರದಲ್ಲಿರುವ ಹಾಗೇ ಕಂದಾಗುತ್ತದೆ. ಥರ್ಮಾಮೀಟರ್ ಚುಚ್ಚಿದರೆ 63 ಡಿಗ್ರಿ ದಾಟಿರುತ್ತದೆ. ಇಡೀ ತುಂಡಿನ ಹಂದಿಮಾಂಸಕ್ಕೆ ಅಷ್ಟು ಶಾಖ, ಆಮೇಲೆ 3 ನಿಮಿಷ ಬಿಡುವು ಸಾಕೆಂದು ಅಮೆರಿಕದ ಕೃಷಿ ಇಲಾಖೆ 2011ರಿಂದ ಹೇಳುತ್ತಿದೆ. ಸರ್ಕಾರದ ಅಡ್ಡಿಯಿಲ್ಲ, ಅಡ್ಡಿಯೇನಿದ್ದರೂ ದವಡೆಯದು.

ಆದ್ದರಿಂದ ನಮ್ಮ ಮನೆಯಲ್ಲಿ ನಡೆಯುವುದೇ ಬೇರೆ. ತಮ್ಮ ಅಭಿಮಾನಿಗಳಿಗೆ ಗೊತ್ತಿರಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೂರು ಪೌಂಡ್, ಅಂದರೆ ಒಂದು ಕಿಲೋ ಚಿಲ್ಲರೆ ಹೆಗಲ ಮಾಂಸವನ್ನು ಎರಡೆರಡು ಇಂಚಿನ ತುಂಡು ಮಾಡಿ, ನೆಣ ಕಿತ್ತೆಸೆಯದೆ, ಉಪ್ಪು ಜೀರಿಗೆ ಪುಡಿ ಸವರಿ ಕುಕ್ಕರಿಗೆ ಹಾಕುತ್ತೇನೆ. ಊರಿಂದ ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಬಂದ ಹಳೇ ಕುಕ್ಕರ್ ಅದು, ಗ್ಯಾಸ್ಕೆಟ್ ಮಾತ್ರ ಹೊಸದು. ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ, ಪಲಾವ್ ಎಲೆ, ಚಕ್ಕೆಯ ಒಂದು ಚೂರು, ಒಂದು ಕಿತ್ತಳೆಯ ರಸ, ಅದರ ಸಿಪ್ಪೆಯ ಒಂದು ಪಟ್ಟಿ, ಅರ್ಧ ಲೋಟ ನೀರು. ಮಾಂಸ ತನ್ನ ನೀರನ್ನು ತಾನೇ ಬಿಡುವುದರಿಂದ ಅದಕ್ಕಿಂತ ಹೆಚ್ಚು ಬೇಡ. ಒರಿಗಾನೊ ಹಾಕಬೇಕು. ಇಲ್ಲದಿದ್ದರೆ ಕುಂಡದಲ್ಲಿರುವ ದೊಡ್ಡಪತ್ರೆಯ ಎರಡು ಎಲೆ ಕಿತ್ತು ಹಾಕಿ, ಘಮ ಹತ್ತಿರ ಹತ್ತಿರ ಅದೇ. ಇಲ್ಲಿನ ನರ್ಸರಿಗಳಲ್ಲಿ ಅದನ್ನು ಕ್ಯೂಬನ್ ಒರಿಗಾನೊ ಎಂದೇ ಮಾರುತ್ತಾರೆ. ಮೊದಲ ಕೂಗು ಬಂದ ಮೇಲೆ ಉರಿ ತಗ್ಗಿಸಿ 35–40 ನಿಮಿಷ. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುವುದರಿಂದ ಹಂಡೆಯ ಮೂರು ಗಂಟೆಯ ಕೆಲಸ ಅಷ್ಟರಲ್ಲಿ ಮುಗಿಯುತ್ತದೆ. ಆವಿ ತಾನಾಗಿ ಇಳಿಯಲಿ. ಅವಸರಕ್ಕೆ ವೆಯ್ಟ್ ಎತ್ತಿದರೆ ಒಳಗೆ ಏಕಾಏಕಿ ಕುದಿ ಎದ್ದು, ಮಾಂಸದ ರಸವೆಲ್ಲ ಆವಿಯ ಜೊತೆ ಹೋಗುತ್ತದೆ.

ಮುಚ್ಚಳ ತೆಗೆದಾಗ ಕಾಣುವುದು ಬೂದುಬಣ್ಣದ, ಮೆತ್ತಗಿನ, ಯಾವ ಪೆಟ್ಟಿಗೆಯ ಮೇಲೂ ಚಿತ್ರ ಹಾಕಲಾಗದ ಮಾಂಸ. ಸೌಟಿನ ಅಂಚು ತಾಗಿದರೆ ಸಾಕು ಎಳೆ ಬಿಡುತ್ತದೆ. ರುಚಿ ಆಗಲೇ ಪೂರ್ತಿ ಬಂದಿದೆ, ರೂಪ ಬಂದಿಲ್ಲ.

ಈಗ ತಮ್ಮ ಪ್ರವೇಶ. ತುಂಡುಗಳನ್ನು ರಸದಿಂದೆತ್ತಿ, ಪೂರ್ತಿ ನೂಲೆಬ್ಬಿಸದೆ ದೊಡ್ಡ ಹೋಳುಗಳಾಗಿ ಮುರಿದು, ಐದು ನಿಮಿಷ ಆರಲು ಬಿಟ್ಟು ತಮ್ಮ ಬುಟ್ಟಿಯಲ್ಲಿ ಒಂದೇ ಪದರ ಹರಡುತ್ತೇನೆ. ನೂಲಾಗಿ ಬಿಡಿಸಿಬಿಟ್ಟರೆ ತಮ್ಮ ಗಾಳಿಗೆ ಒಣಗಿ ಕಡ್ಡಿಯಾಗುತ್ತದೆ. ಕುಕ್ಕರಿನ ಮೇಲೆ ತೇಲುವ ನೆಣ ಎರಡು ಚಮಚ ಮೇಲೆ ಸುರಿದು, 200 ಡಿಗ್ರಿ, ಎಂಟು–ಹತ್ತು ನಿಮಿಷ, ನಡುವೆ ಒಮ್ಮೆ ಬುಟ್ಟಿ ಕುಲುಕಿದರೆ ಆಯಿತು. ಕ್ಷಮಿಸಿ, ಕೊಬ್ಬನ್ನು ತಮ್ಮೊಳಗೇ ಸುರಿಯುತ್ತೇನೆಂದು ಬಹಿರಂಗವಾಗಿ ಹೇಳಿಬಿಟ್ಟೆ. ಅಂಚುಗಳು ಕಂದಾಗಿ ಚಟಪಟ ಎನ್ನುವುದು, ಒಳಗು ಬೆಣ್ಣೆಯಾಗಿಯೇ ಉಳಿಯುವುದು ನಿಜಕ್ಕೂ ತಮ್ಮ ಕೈಗುಣ. ಈ ಹತ್ತು ನಿಮಿಷದ ಕೆಲಸದಲ್ಲಿ ದೊಡ್ಡ ಓವನ್ನೂ ತಮಗೆ ಸಮ ಬಾರದು, ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಆದರೆ ಇಡೀ ರಾತ್ರಿ ಯಕ್ಷಗಾನ ಪ್ರಸಂಗ ಕುಣಿದವರು ಚೌಕಿಯಲ್ಲಿ ಬಣ್ಣ ತೊಳೆಯುತ್ತಿದ್ದಾಗ, ಮಂಗಳದ ಹೊತ್ತಿಗೆ ಬಂದು ಶಾಲು ಹೊದೆಸಿಕೊಂಡವರು ತಾವು.

ಹಾಗೆ ನೋಡಿದರೆ ಮಾಂಸವನ್ನು ಅದರದೇ ನೆಣದಲ್ಲಿ ಹುರಿಯುವುದು ಮನೆ ಅಡುಗೆಯ ಹಳೇ ದಾರಿ. ಮಿಚೋವಾಕಾನ್‌ನಲ್ಲೇ ಮನೆ ಮಾಡಿಕೊಂಡಿದ್ದ, ಮೆಕ್ಸಿಕನ್ ಅಡುಗೆಯ ಬಗ್ಗೆ ಬರೆದು ಪ್ರಸಿದ್ಧರಾದ ಡಯಾನಾ ಕೆನಡಿ ಹಂಡೆ ತುಂಬ ನೆಣ ಕೇಳಲಿಲ್ಲ. ಮಾಂಸ ಮುಳುಗುವಷ್ಟು ನೀರು, ಉಪ್ಪು. ನೀರು ಆವಿಯಾಗಿ ಹೋದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ನೆಣದಲ್ಲೇ ತುಂಡುಗಳು ಕೆಂಪಾಗುತ್ತವೆ. ನಮ್ಮ ಕೊಡಗಿನ ಪಂದಿ ಕರಿಯಲ್ಲೂ ಹಂದಿ ಮೊದಲು ಬೇಯುವುದು ತನ್ನ ನೀರು, ತನ್ನ ನೆಣದಲ್ಲೇ. ಕೊನೆಗೆ ಬೀಳುವ ಹುಳಿರಸ ಕಾಚಂಪುಳಿ ಆ ನೆಣದ ಸೊಕ್ಕಿಳಿಸುತ್ತದೆ, ಇಲ್ಲಿ ಆ ಕೆಲಸ ನಿಂಬೆಯದು. ಎರಡು ಕಡೆಯೂ ಹೊರಗಿನ ಎಣ್ಣೆಯ ಮಾತೇ ಇಲ್ಲ, ಆದರೂ ಯಾರೂ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ.

ತಮಗೆ ಅನ್ಯಾಯ ಮಾಡಿದೆ ಎಂದುಕೊಳ್ಳಬೇಡಿ. ತಾವೊಬ್ಬರೇ ನಿಭಾಯಿಸಬಲ್ಲ ಒಂದು ಮೆಕ್ಸಿಕನ್ ಕೆಲಸವೂ ಇದೆ. ಪುಯೆಬ್ಲಾ ಪಟ್ಟಣಕ್ಕೆ ವಲಸೆ ಬಂದ ಲೆಬನಾನ್ ಕಡೆಯವರು ತಮ್ಮ ಶವರ್ಮದ ನಿಲುಗಂಬಿಯನ್ನೂ ತಂದರು. ಕುರಿಯ ಜಾಗಕ್ಕೆ ಹಂದಿ ಬಂತು, ಮೆಣಸಿನಕಾಯಿ ಬಂತು, ಅನಾನಸ್ ಬಂತು, ಅದು ಅಲ್ ಪಸ್ತೋರ್ ಆಯಿತು. ಅಲ್ಲಿ ಉರಿ ಪಕ್ಕದಿಂದ ಬೀಳುತ್ತದೆ. ಬೆಂದ ಪದರವನ್ನು ಕೆತ್ತಿದಷ್ಟೂ ಒಳಗಿನದು ಉರಿಗೆ ಬರುತ್ತದೆ. ತಮ್ಮ ಹೊಟ್ಟೆಯೊಳಗೆ ಪುಟ್ಟ ಕಂಬಿ ನೆಟ್ಟು ಗೋಪುರ ಕಟ್ಟುವವರಿದ್ದಾರೆ, ಅದೊಂದು ಗೊಂಬೆಯಾಟ. ಅದರ ಬದಲು ಅದೇ ಅಗ್ಗದ ಹೆಗಲನ್ನು ಅರೆ ಹೆಪ್ಪುಗಟ್ಟಿಸಿ, ಎಳೆಗೆ ಅಡ್ಡವಾಗಿ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿದರೆ ಕತ್ತಿಯೇ ಕೊಲಾಜನ್ನಿನ ಲೆಕ್ಕ ಚುಕ್ತಾ ಮಾಡಿರುತ್ತದೆ. ಮಸಾಲೆಗೆ ಬೇಕಾದ ಗ್ವಾಹಿಯೊ ಮೆಣಸಿನಕಾಯಿ ಇಲ್ಲಿ ಧಾರಾಳ. ಊರಲ್ಲಿರುವವರು ಬ್ಯಾಡಗಿ ಬಳಸಿದರೆ ಏನೂ ನಷ್ಟವಿಲ್ಲ. ಎರಡರದೂ ಒಂದೇ ಸ್ವಭಾವ, ಬಣ್ಣ ಜಾಸ್ತಿ, ಖಾರ ಕಡಿಮೆ. ಮೆಣಸಿನಕಾಯಿ ಹೇಗೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ನಮ್ಮಲ್ಲಿಗೆ ಬಂದದ್ದೇ. ಬೀಜ ಉದುರಿಸಿ, ಬಿಸಿನೀರಲ್ಲಿ ನೆನೆಸಿ, ವಿನೆಗರ್, ಬೆಳ್ಳುಳ್ಳಿ, ಜೀರಿಗೆ, ಒಂದು ಲವಂಗದೊಡನೆ ನುಣ್ಣಗೆ ರುಬ್ಬಿ. ಅನಾನಸ್ ಮಾತ್ರ ಡಬ್ಬಿಯದೇ ಇರಲಿ. ಹಸಿ ಹಣ್ಣಿನ ಬ್ರೊಮೆಲೈನ್ ಎಂಬ ಕಿಣ್ವ ರಾತ್ರಿಯಿಡೀ ಕೂತರೆ ಮಾಂಸ ಹಿಟ್ಟಾಗುತ್ತದೆ. ಡಬ್ಬಿಗೆ ಹಾಕುವಾಗಿನ ಬಿಸಿಗೆ ಅದು ಸತ್ತಿರುತ್ತದೆ, ಬೆಲೆಯೂ ಕಡಿಮೆ. ಮಸಾಲೆ ಸವರಿದ ಹೋಳುಗಳನ್ನು 200 ಡಿಗ್ರಿಯಲ್ಲಿಟ್ಟು ಹನ್ನೆರಡು ನಿಮಿಷದೊಳಗೆ ಇಳಿಸಿ, ಹಲಗೆಯ ಮೇಲೆ ಕೊಚ್ಚಿದರೆ ಮುಗಿಯಿತು.

ಟಾರ್ಟಿಯಾ ರೊಟ್ಟಿ ಬಿಸಿ ಮಾಡುವ ಹೊಣೆಯನ್ನು ದಯವಿಟ್ಟು ಹೊರಬೇಡಿ. ತಮ್ಮ ಫ್ಯಾನಿಗೆ ಅದು ಎದ್ದು ಹಾರಿ ಕಾಯಿಲ್‌ಗೆ ಹೋಗಿ ಬಡಿಯುತ್ತದೆ. ದೋಸೆ ಕಾವಲಿ ಇದೆ, ಅದು ನೋಡಿಕೊಳ್ಳುತ್ತದೆ.

ಕೊನೆಯದಾಗಿ ಒಂದು ಸಣ್ಣ ದೂರು. ನೆಣ ಕರಗಿ ತಮ್ಮ ತಳಕ್ಕೆ ಬಿದ್ದು ಸುಟ್ಟರೆ ಹೊಗೆಯೇಳುತ್ತದೆ. ಹೊಗೆಯೆದ್ದರೆ ಸೂರಿನ ಅಲಾರಾಂ ಅರಚುತ್ತದೆ. ಅರಚಿದರೆ ಮಹಡಿಯ ಮೇಲಿನ ಸಂಸಾರ ಬಾಗಿಲಿಗೆ ಬರುತ್ತದೆ. ಬುಟ್ಟಿಯಡಿ ಎರಡು ಚಮಚ ನೀರಿಟ್ಟರೆ ಇದೆಲ್ಲ ತಪ್ಪುತ್ತದೆ. ಪೆಟ್ಟಿಗೆಯ ಮೇಲೆ ನಾಲ್ಕು ಭಾಷೆಗಳಲ್ಲಿ ತಮ್ಮ ಗುಣಗಾನ ಮಾಡಿದವರಿಗೆ ಈ ಒಂದು ಸಾಲಿಗೆ ಜಾಗ ಸಿಕ್ಕಿರಲಿಲ್ಲ. ಮುಂದಿನ ಮುದ್ರಣದಲ್ಲಿ ಅದನ್ನೂ, ಚಿತ್ರದ ಮೂಲೆಯಲ್ಲಿ ಮಸುಕಾಗಿಯಾದರೂ ಸರಿ ಒಂದು ಕುಕ್ಕರನ್ನೂ ಹಾಕಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಸೌಟು ಹಿಡಿದವನು

ತಾ.ಕ.: ಕುಕ್ಕರಿನಲ್ಲಿ ಮಿಕ್ಕ ರಸವನ್ನು ಸೋಸಿ ರಾತ್ರಿ ಫ್ರಿಜ್‌ನಲ್ಲಿಡುತ್ತೇನೆ. ಬೆಳಿಗ್ಗೆ ಮೇಲೆ ಬಿಳಿ ನೆಣ ಹೆಪ್ಪುಗಟ್ಟಿರುತ್ತದೆ, ಕೆಳಗೆ ನಡುಗುವ ಜೆಲ್ಲಿ. ಜೆಲ್ಲಿ ಬಿಸಿ ಅನ್ನಕ್ಕೆ. ನೆಣವನ್ನು ಬಾಣಲೆಗಿಳಿಸಿ, ಬೆಂದ ಪಿಂಟೊ ಬೀನ್ಸ್ ಹಾಕಿ ಮಸೆದು ಹುರಿದರೆ ಮಾರನೆಯ ದಿನದ ಫ್ರಿಹೋಲೆಸ್ ಸಿದ್ಧ. ಅದಕ್ಕೆ ಎಣ್ಣೆ ಕೊಳ್ಳಬೇಕಾಗಿಲ್ಲ. ಅಂದು ತಮಗೆ ರಜೆ.