ದಡಿ ಎಲ್ಲಿ ಕೂಡತೈತಿ ನೋಡು

ರವಿವಾರ ಖಾಸಬಾಗದ ಸಂತೆಯಿಂದ ಬಂದು ಕಾಯಿಪಲ್ಯದ ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ, ಬಾಜೂಮನೆಯ ಹುಡುಗಿ ಕಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದಳು. ಫ್ಯಾಶನ್ ಡಿಸೈನ್ ಕಲಿಯೋದಕ್ಕೆ ಸೇರಿ ಮೂರು ತಿಂಗಳು. ಕೈಯಲ್ಲಿ ವಹಿ, ಮುಖದಲ್ಲಿ ನಾಳಿನ ಪರೀಕ್ಷೆ.

"ಕಾಕು, ಪ್ರಪೋರ್ಶನ್, ಬ್ಯಾಲೆನ್ಸ್, ರಿದಮ್, ಎಂಫಸಿಸ್, ಹಾರ್ಮನಿ. ಐದೂ ಬಾಯಿಪಾಠ ಮಾಡೀನ್ರಿ. ತಲಿಗೆ ಮಾತ್ರ ಹತ್ತವಲ್ದು."

"ನಿಮ್ಮಜ್ಜಿದು ಕರೇ ಇಳಕಲ್ ಸೀರಿ ಟ್ರಂಕಿನ್ಯಾಗ ಐತಲ್ಲ? ಅದನ್ನ ತೊಗೊಂಡ ಬಾ" ಅಂದೆ.

ನಾನು ಹುಟ್ಟಿದ್ದು ಇದೇ ಓಣಿಯ ನೇಕಾರರ ಮನೆಯಲ್ಲಿ. ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತರೆ ಅವ್ವ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಈಗ ಶಹಾಪುರ, ವಡಗಾವ, ಖಾಸಬಾಗ ಎಲ್ಲ ಕಡೆ ಪವರ್‌ಲೂಮಿನ ಸದ್ದು. ಆ ಸದ್ದು ನಿಂತ ದಿನ ಓಣಿಯಲ್ಲಿ ಒಲೆ ಉರಿಯುವುದೂ ಕಷ್ಟ. ಆದರೆ ಉಡುಪಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಕುಣಿಮಗ್ಗದ ಪಕ್ಕದಲ್ಲಿ ಕಲಿತದ್ದು. ಅಪ್ಪ ಸೀರೆಯನ್ನು ಎಂದೂ ಚಾಪೆಯ ಮೇಲೆ ಹರಡಿ ಚೆಂದ ಐತಿ ಅಂದವನಲ್ಲ. ಅವ್ವನನ್ನು ಕರೆದು ಹೆಗಲ ಮೇಲೆ ಹಾಕಿ, ಎರಡು ಹೆಜ್ಜೆ ನಡೆಸಿ ನೋಡುತ್ತಿದ್ದ.

ಹುಡುಗಿ ಸೀರೆ ತಂದಳು. ಕಂಪೌಂಡಿನ ಮೇಲೆ ಹಾಸಿದೆವು. ಕಪ್ಪು ಒಡಲು, ಕೆಂಪು ದಡಿ, ಕೆಂಪು ಬಿಳಿಯ ಟೋಪ್‌ತೆನಿ ಸೆರಗು.

"ದಡಿ ಎಷ್ಟು ಕಡೆ ಕಾಣತೈತಿ, ಉಟ್ಟಾಗ?"

"ಕೆಳಗ. ಕಾಲ ಹಂತೇಕ."

"ಮತ್ತ?"

ಅವಳಿಗೆ ಹೊಳೆಯಲಿಲ್ಲ. ಅವಳ ಹೆಗಲಿಗೇ ಸುತ್ತಿ ತೋರಿಸಿದೆ. ಕಾಲ ಬಳಿ ದಡಿ ಅಡ್ಡಗೆರೆ. ಅದೇ ಗೆರೆ ಎದೆಯ ಮೇಲೆ ಓರೆಯಾಗಿ ಏರುತ್ತದೆ, ಬೆನ್ನಿನ ಮೇಲೆ ನೆಟ್ಟಗೆ ಇಳಿಯುತ್ತದೆ. ನಮ್ಮ ಕಡೆಯವರಂತೆ ತಲೆಯ ಮೇಲೆ ಸೆರಗು ಹೊದ್ದರೆ ಅದೇ ದಡಿ ಹಣೆ, ಕೆನ್ನೆಗಳ ಸುತ್ತ ಚೌಕಟ್ಟಾಗುತ್ತದೆ. ನೇಯುವಾಗ ಅದು ಒಂದೇ ಸಪಾಟು ಪಟ್ಟಿ. ಉಟ್ಟ ಮೇಲೆ ನಾಲ್ಕು ಕಡೆ ಕಾಣಿಸಿಕೊಂಡು ಕಣ್ಣನ್ನು ಪಾದದಿಂದ ಮುಖದವರೆಗೆ ಕರೆದುಕೊಂಡು ಹೋಗುತ್ತದೆ. ನಿರಿಗೆ ಹಿಡಿದರೆ ಆ ಪಟ್ಟಿ ಮಡಿಕೆ ಮಡಿಕೆಯಾಗಿ ಮತ್ತೆ ಮತ್ತೆ ಬರುತ್ತದೆ, ನಡೆದರೆ ಅಲುಗುತ್ತದೆ.

"ರಿದಮ್ ಅಂದ್ರ ಇದಾ, ಕಾಕು?"

"ನಿರಿಗಿ ಎಣಿಸು, ತಾಳ ಸಿಗತೈತಿ."

ದಡಿ ತೂಕದ್ದಿರಬೇಕು ಅನ್ನುವುದಕ್ಕೂ ಕಾರಣವಿದೆ. ನೂಲಿನ ಒಡಲಿಗೆ ರೇಷ್ಮೆಯ ಒತ್ತು ನೇಯ್ಗೆಯ ದಡಿ ಬಿದ್ದರೆ ನಿರಿಗೆ ಕೆಳಕ್ಕೆ ಜಗ್ಗಿ ನಿಲ್ಲುತ್ತದೆ. ಹಗುರ ಸೀರೆಗೆ ನಾವು ಫಾಲ್ ಹಚ್ಚಿಸುವುದೂ ಅದಕ್ಕೇ. ಬ್ಯಾಲೆನ್ಸ್ ಬಣ್ಣದಲ್ಲಿ ಅಷ್ಟೇ ಇರುವುದಲ್ಲ, ಬಟ್ಟೆಯ ಭಾರದಲ್ಲೂ ಇದೆ. ಫೋನಿನಲ್ಲಿ ನೋಡಿ ಸೀರೆ ಕೊಳ್ಳುವಾಗ ಈ ಭಾರ ಕೈಗೆ ಸಿಗುವುದಿಲ್ಲವಲ್ಲ ಎಂದು ನನಗೆ ಬಹಳ ಸಂಕಟ.

ಅಷ್ಟರಲ್ಲಿ ಅವಳ ತಾಯಿ ಹಿಟ್ಟಿನ ಕೈಯಲ್ಲೇ ಹೊರಬಂದರು. "ಅಕ್ಕಾರ, ಇದರ ಮ್ಯಾಲಿನ ಕುಪ್ಪಸದ ಖಣಾನೂ ಐತ್ರಿ, ಗುಳೇದಗುಡ್ಡದ್ದು. ನಮ್ಮತ್ತಿ ಅದನ್ನ ಬಿಟ್ಟು ಬ್ಯಾರೆ ತೊಡತಿದ್ದಿಲ್ಲ."

ಖಣ ತಂದರು. ಅಂಗೈಯಗಲದಲ್ಲಿ ಸಾಲು ಸಾಲು ಪುಟ್ಟ ಚಿತ್ತಾರ, ಕಣ್ಣು ಹಾಕಿದಲ್ಲೆಲ್ಲ ತುಂಬಿದ್ದು. ಪಕ್ಕದಲ್ಲಿ ಸೀರೆಯ ಒಡಲು ಬರೀ ಕಪ್ಪು. ಕುಪ್ಪಸ ಸಣ್ಣ ಜಾಗ, ಅದು ತುಂಬಿರಲಿ. ಒಡಲು ದೊಡ್ಡ ಜಾಗ, ಅದು ತೆರವಿರಲಿ. ಎರಡೂ ತುಂಬಿದ್ದರೆ ಕಣ್ಣಿಗೆ ಕೂರಲು ಜಾಗವೇ ಇರುತ್ತಿರಲಿಲ್ಲ. ಹುಡುಗಿ ವಹಿಯಲ್ಲಿ ಏನೋ ಗೀಚಿಕೊಂಡಳು. ಪ್ರಪೋರ್ಶನ್ ಎಂದು ಬರೆದಿರಬೇಕು.

ಅವಳ ಅಜ್ಜಿ ಉಡುತ್ತಿದ್ದದ್ದು 9 ವಾರದ ಸೀರೆ, ಕಚ್ಚೆ ಹಾಕಿ. ಹೊಲಕ್ಕೆ ಬಾಗಲು, ಬಂಡಿ ಹತ್ತಲು, ಮಗ್ಗದ ಮುಂದೆ ಕೂರಲು ಕಾಲು ಬಿಡುವಾಗಿರಬೇಕಿತ್ತು. ಒಳಲಂಗ ಬಂದ ಮೇಲೆ 6 ವಾರ ಸಾಕಾಯಿತು. ಕೆಲಸ ಬದಲಾದಂತೆ ಅಳತೆ ಬದಲಾಯಿತು. ಅದನ್ನು ಹಳೆಯದು ಕೆಟ್ಟಿತೆಂದು ನಾನು ಹೇಳಲಾರೆ. ಸ್ಕೂಟಿ ಓಡಿಸುವ ಈ ಹುಡುಗಿಗೆ ಚೂಡಿದಾರವೇ ಸರಿ.

ಬಟ್ಟೆ ಮಾತಾಡುತ್ತದೆ ಎನ್ನುವುದಕ್ಕೆ ನಮ್ಮ ಬೆಳಗಾವಿಗಿಂತ ದೊಡ್ಡ ಸಾಕ್ಷಿ ಬೇಕೇ? 1921ರಲ್ಲಿ ಮದುರೆಯಲ್ಲಿ ತುಂಡು ಪಂಚೆಗೆ ಇಳಿದ ಗಾಂಧೀಜಿ, 1924ರ ಡಿಸೆಂಬರಿನಲ್ಲಿ ಇಲ್ಲಿಯೇ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಅವರು ಅಧ್ಯಕ್ಷರಾದದ್ದು ಅದೊಂದೇ ಸಲ. ಪಕ್ಷದ ಸದಸ್ಯರಾಗಬೇಕೆಂದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು, ತಾನು ನೂತದ್ದೋ ಇನ್ನೊಬ್ಬರಿಂದ ನೂಲಿಸಿದ್ದೋ, ಎಂಬ ನಿಯಮಕ್ಕೆ ಒಪ್ಪಿಗೆ ಸಿಕ್ಕಿದ್ದೂ ಇಲ್ಲಿಯೇ. ಒಂದು ತುಂಡು ಬಿಳಿ ಬಟ್ಟೆ ಯಾರ ಪರ ನಿಂತಿದ್ದೇನೆಂದು ಹೇಳಿಬಿಟ್ಟಿತು, ಬಾಯಿ ತೆರೆಯದೆ.

"ಎಂಫಸಿಸ್ ಇನ್ನೂ ಉಳದೈತ್ರಿ" ಎಂದಳು ಹುಡುಗಿ.

ಸೆರಗು ಬಿಚ್ಚಿ ಅವಳ ಮುಂದೆ ಹಿಡಿದೆ. ಹಣಿಗೆಯ ಹಲ್ಲಿನಂಥ, ಕೋಟೆಯ ತೆನೆಯಂಥ ಬಿಳಿ ಆಕೃತಿಗಳು, ಸುತ್ತ ಉರಿಯುವ ಕೆಂಪು. "ಒಡಲು ಕರೇದು. ಸೆರಗಿನ ಕೆಂಪಿನ್ಯಾಗ ಎಲ್ಲರೆ ಕರೇ ಎಳಿ ಬೆರೆತೈತೇನು ನೋಡು."

ಇರಲಿಲ್ಲ. ಇರುವುದೂ ಇಲ್ಲ. ಒಡಲಿನ ಹಾಸೇ ಸೆರಗಿಗೂ ಮುಂದುವರಿದರೆ ಕೆಂಪು ಹೊಕ್ಕು ಎಷ್ಟು ಹೊಡೆದರೂ ಕಪ್ಪು ಎಳೆ ಅದನ್ನು ಮಂಕು ಮಾಡುತ್ತದೆ. ಅದಕ್ಕೆ ಇಳಕಲ್ಲಿನ ನೇಕಾರ ಸೆರಗಿಗೆ ಬೇರೆಯೇ ಕೆಂಪು ಹಾಸು ಮಾಡಿ, ಒಡಲಿನ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾನೆ. ಹಾಸೂ ಕೆಂಪು, ಹೊಕ್ಕೂ ಕೆಂಪು, ಆಗ ಮಾತ್ರ ಆ ಕೆಂಪು. ಪ್ರತಿ ಸೀರೆಗೂ ಹೊಸದಾಗಿ ಈ ಕೆಲಸ, ಆದ್ದರಿಂದಲೇ ಹಾಸು ಒಂದೊಂದೇ ಸೀರೆಯ ಅಳತೆಗೆ. ಕಣ್ಣು ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಇಷ್ಟು ಶ್ರಮ. ಬರೀ ಅಚ್ಚೊತ್ತಿದ ಟೋಪ್‌ತೆನಿ ಅಗ್ಗಕ್ಕೆ ಸಿಗುತ್ತದೆ. ಮಗುಚಿ ನೋಡಿದರೆ ಹಿಂದೆ ಬಣ್ಣ ಪೇಲವ.

"ಕೊಂಡಿ ಎಲ್ಲೈತ್ರಿ? ಕಾಣವಲ್ದು."

"ಕಣ್ಣ ಮುಚ್ಚಿ ಬೆರಳಾಡಿಸು."

ಅವಳು ಕಣ್ಣು ಮುಚ್ಚಿದಳು. ಕಪ್ಪಿನಿಂದ ಕೆಂಪಿನ ಕಡೆಗೆ ಬೆರಳು ನಿಧಾನಕ್ಕೆ ಜಾರಿತು. ಅವಳ ತಾಯಿ ಕೈಯ ಹಿಟ್ಟು ಸೀರೆಗೆ ತಾಗದಂತೆ ಹಿಂದಕ್ಕೆ ಹಿಡಿದು ಬಗ್ಗಿ ನಿಂತಿದ್ದರು.

"ಹಾಂ, ಇಲ್ಲಿ" ಎಂದಳು ಹುಡುಗಿ, ಬೆರಳನ್ನು ಅಲ್ಲಿಯೇ ಒತ್ತಿಹಿಡಿದು.