ಸ್ಟೇರಿಂಗಿಗೂ ಹೊಟ್ಟೆಗೂ ನಡುವೆ

ಮನಸ್ಸಿದ್ದರೆ ಮಾರ್ಗ ಎಂಬ ಗಾದೆ ಕಟ್ಟಿದವರು ಲಾರಿ ಓಡಿಸಿದವರಿರಲಾರರು. ಲಾರಿ ಡ್ರೈವರಿಗೆ ಮಾರ್ಗಕ್ಕೆ ಎಂದೂ ಬರವಿಲ್ಲ. ಹಿರಿಯೂರು ಬಿಟ್ಟರೆ ಚಳ್ಳಕೆರೆ, ತಳಕು, ಬಿ.ಜಿ. ಕೆರೆ, ರಾಂಪುರ, ಬಳ್ಳಾರಿ ಎಂದು 150ಎ ಹೆದ್ದಾರಿ ಹಗಲೂ ರಾತ್ರಿ ಅವನೆದುರು ಹಾಸಿಕೊಂಡು ಬಿದ್ದಿರುತ್ತದೆ. ಅವನಿಗೆ ಮನಸ್ಸೇ ಇಲ್ಲ ಎಂಬುದು ಅವನ ಹೊಟ್ಟೆ ಕಂಡವರೆಲ್ಲರ ತೀರ್ಪು. ಡಾಕ್ಟರಿಂದ ಹಿಡಿದು ಪಂಕ್ಚರ್ ಅಂಗಡಿಯವನವರೆಗೆ ಎಲ್ಲರೂ ಹೇಳುವುದು ಒಂದೇ ಮಾತು: "ಮನಸ್ ಮಾಡ್ಬೇಕು ಕಣಣ್ಣ." ಈ ಉಪದೇಶ ಕೊಡುವವನಿಗೆ ಕಾಸಿನ ಖರ್ಚಿಲ್ಲ, ಪಡೆಯುವವನಿಗೆ ಕಾಸಿನ ಉಪಯೋಗವಿಲ್ಲ. ಚಳ್ಳಕೆರೆ ಕಡೆಯ ಗೌರಸಮುದ್ರದ ಸುತ್ತಿನ ಬಯಲುಸೀಮೆಯಲ್ಲಿ ಮಳೆಯನ್ನು ನಂಬಿ ಶೇಂಗಾ ಬಿತ್ತಿ, ಕೈಸುಟ್ಟುಕೊಂಡು, ಕೊನೆಗೆ ಸ್ಟೇರಿಂಗ್ ಹಿಡಿದವನಿಗೆ ಛಲ ಸಾಲದು ಎನ್ನುವುದಕ್ಕೆ ತುಂಬ ಧೈರ್ಯ ಬೇಕು. ಎರಡು ರಾತ್ರಿ ಸರಿಯಾಗಿ ಕಣ್ಣುಮುಚ್ಚದೆ ಈರುಳ್ಳಿ ಲೋಡನ್ನು ಕೊಳೆಯುವ ಮೊದಲು ಯಶವಂತಪುರದ ಮಂಡಿಗೆ ಮುಟ್ಟಿಸುವವನಲ್ಲಿ ಛಲ ಬೇಕಾದಷ್ಟಿದೆ. ಮೈತೂಕದಲ್ಲಿ ಮೂವತ್ತು ಕಿಲೋ ಇಳಿಸಬೇಕಾದ ಡ್ರೈವರು ಆ ಛಲವನ್ನೇ ನೆಚ್ಚಿಕೊಂಡು ಕೂತರೆ ಕೆಟ್ಟ. ತಲೆಯೊಳಗಿನ ಹುಮ್ಮಸ್ಸಿನ ಕೆಲಸವನ್ನು ತಲೆಯ ಹೊರಗಿನ ಕಟ್ಟುಪಾಡಿಗೆ ವಹಿಸಬೇಕು ಎಂಬುದು ನನ್ನ ವಾದ.

ಈ ಹೊಟ್ಟೆ ಬಂದದ್ದಾದರೂ ಎಲ್ಲಿಂದ? ಸೋಮಾರಿತನದಿಂದ ಎನ್ನುವವರು ಕಳೆದ ಕೆಲವು ವರ್ಷಗಳ ಸುಧಾರಣೆಗಳನ್ನು ಒಮ್ಮೆ ನೋಡಬೇಕು. ಹಿಂದೆ ಲೋಡಾದ ಲಾರಿಯ ಸ್ಟೇರಿಂಗ್ ತಿರುಗಿಸುವುದೇ ಗರಡಿಮನೆಯ ಸಾಮು. ಪವರ್ ಸ್ಟೇರಿಂಗ್ ಬಂದು ಅದು ಒಂದು ಬೆರಳಿನ ಕೆಲಸವಾಯಿತು. ಚೆಕ್‌ಪೋಸ್ಟ್ ಬಂದರೆ ಇಳಿಯಬೇಕಿತ್ತು, ಕಾಗದದ ಕಟ್ಟು ಹಿಡಿದು ಸಾಲಿನಲ್ಲಿ ನಿಲ್ಲಬೇಕಿತ್ತು, ಮೊಹರಿಗಾಗಿ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಓಡಬೇಕಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ತೆರಿಗೆಯ ಚೆಕ್‌ಪೋಸ್ಟುಗಳು ಹೋದವು, ಜೊತೆಗೆ ಆ ನಡಿಗೆಯೂ ಹೋಯಿತು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿ, ಟೋಲ್ ಗೇಟಿನಲ್ಲಿ ಚಿಲ್ಲರೆಗೆ ಕೈಚಾಚುವ ಕಸರತ್ತೂ ತಪ್ಪಿತು. ದೇಶದ ಸಾಗಣೆ ಚುರುಕಾದಷ್ಟೂ ಸಾಗಿಸುವವನು ಕೂತಲ್ಲೇ ಕೂರತೊಡಗಿದ. ಲೋಡು ತುಂಬಲು ಹಮಾಲರಿದ್ದಾರೆ. ಬಿಲ್ಲು ಫೋನಿಗೇ ಬರುತ್ತದೆ. ಅವನಿಗೆ ಉಳಿದಿರುವ ಏಕೈಕ ಪರ್ವತಾರೋಹಣವೆಂದರೆ ಕ್ಯಾಬಿನ್ ಹತ್ತುವುದು, ಅದೂ ಊಟ ಮುಗಿಸಿದ ಮೇಲೆ.

ಕೂತರೆ ಕೆಡುಕು ಎಂಬುದಕ್ಕೆ ಲಂಡನ್ನಿನಿಂದ ಒಂದು ಹಳೆಯ ಸಾಕ್ಷಿಯಿದೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ನೌಕರರ ಹೃದಯಗಳನ್ನು ಹೋಲಿಸಿ ನೋಡಿದರು. ದಿನವಿಡೀ ಮೆಟ್ಟಿಲು ಹತ್ತಿಳಿದು ಟಿಕೆಟ್ ಹರಿಯುವ ಕಂಡಕ್ಟರಿಗಿಂತ ಕೂತು ಓಡಿಸುವ ಡ್ರೈವರಿಗೆ ಹೃದ್ರೋಗ ಹೆಚ್ಚು ಎಂದು ಕಂಡಿತು. ಇದನ್ನು ಹೇಳಿದೊಡನೆ ಬುದ್ಧಿವಂತರೊಬ್ಬರು ಏಳುತ್ತಾರೆ: "ದಪ್ಪಗಿದ್ದವರೇ ಡ್ರೈವರಾಗಿದ್ದರೆ?" ಒಳ್ಳೆಯ ಪ್ರಶ್ನೆ. ಮಾರಿಸ್ ಸಾಹೇಬರಿಗೂ ಅದು ಹೊಳೆದಿತ್ತು. 1956ರಲ್ಲಿ ಅವರ ತಂಡ ನೌಕರರಿಗೆ ಕೊಟ್ಟ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆಯ ದಾಖಲೆ ತೆಗೆಸಿತು; ಕೆಲಸಕ್ಕೆ ಸೇರುವಾಗಲೇ ಡ್ರೈವರುಗಳ ಸೊಂಟ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಿತ್ತು! ದರ್ಜಿಯ ಪುಸ್ತಕ ವೈದ್ಯಶಾಸ್ತ್ರವನ್ನು ಇಷ್ಟು ಪೇಚಿಗೆ ಸಿಕ್ಕಿಸಿದ್ದು ಅದೇ ಮೊದಲಿರಬೇಕು. ಆದರೂ ಕೂತು ದುಡಿಯುವುದು ಹೃದಯಕ್ಕೆ ಕೇಡು ಎಂಬ ಮೂಲ ಮಾತನ್ನು ಆಮೇಲಿನ ಎಷ್ಟೋ ಅಧ್ಯಯನಗಳು ಎತ್ತಿಹಿಡಿದವು. ದಪ್ಪಗಿದ್ದವನು ಬಂದು ಕೂತಿದ್ದರೂ ಕೂತವನು ದಪ್ಪಗಾಗಿದ್ದರೂ ಸೀಟಿಗೆ ವ್ಯತ್ಯಾಸವಿಲ್ಲ, ಇಳಿಸುವ ಕೆಲಸವೂ ತಪ್ಪುವುದಿಲ್ಲ. ಅಳತೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ನಮ್ಮ ದೇಶದ ಗಂಡಸರ ಸೊಂಟಕ್ಕೆ ವೈದ್ಯರು ಹಾಕಿರುವ ಗಡಿ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚಿನ ಆಸುಪಾಸು. ಅದೂ ಬೆಲ್ಟ್ ಕಟ್ಟುವ ಜಾಗದಲ್ಲಲ್ಲ. ಬೆಲ್ಟನ್ನು ಹೊಟ್ಟೆಯ ಕೆಳಗೆ ಇಳಿಸಿ ಅಳತೆ ಕಡಿಮೆ ಮಾಡಿಕೊಳ್ಳುವ ಉಪಾಯ ವೈದ್ಯರಿಗೂ ಗೊತ್ತು.

ಊಟದ ವಿಷಯಕ್ಕೆ ಬಂದರೆ ನಮ್ಮ ಕಡೆಯ ಡ್ರೈವರಿನ ಕಥೆ ಸ್ವಲ್ಪ ವಿಚಿತ್ರ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹೊಲಗಳಲ್ಲಿ ಹಿಂದಿನಿಂದ ಬೆಳೆದು ಬಂದದ್ದು ನವಣೆ, ಸಾಮೆ, ಸಜ್ಜೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಬೆಂಗಳೂರಿನ ಶ್ರೀಮಂತರು ಇವನ್ನು ಔಷಧಿಯ ದರದಲ್ಲಿ ಕೊಂಡು, ಔಷಧಿಯ ಮುಖ ಮಾಡಿಕೊಂಡು ತಿನ್ನುತ್ತಿದ್ದಾರೆ. ಅವರಿಗೆ ಅದನ್ನು ಹೊತ್ತು ಹಾಕಿ ಬಂದ ಡ್ರೈವರು ತುಮಕೂರು ದಾಟಿ ಧಾಬಾದಲ್ಲಿ ಕೂತು ಬೆಣ್ಣೆ ಸವರಿದ ತಂದೂರಿ ರೊಟ್ಟಿ ಮುರಿಯುತ್ತಾನೆ. ಬೊಜ್ಜಿನ ಪಥ್ಯ ಹಿಂದಿನ ಬಾಡಿಯಲ್ಲಿ, ಬೊಜ್ಜು ಮುಂದಿನ ಸೀಟಿನಲ್ಲಿ. ಧಾನ್ಯ ಬದಲಾಯಿಸಿದ ಮಾತ್ರಕ್ಕೆ ತೂಕ ಇಳಿಯದು, ತಟ್ಟೆ ತುಂಬ ಉಂಡರೆ ನವಣೆಯೂ ಬೊಜ್ಜೇ, ಅದು ಬೇರೆ ಮಾತು. ಆದರೆ ರೊಟ್ಟಿಗಿಂತ ಮೊದಲು ನಾನು ಬೊಟ್ಟು ಮಾಡುವುದು ಟೀ ಲೋಟದ ಕಡೆಗೆ. ನಿದ್ದೆ ಓಡಿಸಲು ದಿನಕ್ಕೆ ಎಂಟು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದಿಟ್ಟುಕೊಂಡರೆ 80 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಸಕ್ಕರೆಗೆ ನಿಂತರೆ ಒಳ್ಳೆಯದು ಎನ್ನುತ್ತದೆ. 80 ಗ್ರಾಂ ಸಕ್ಕರೆಯೆಂದರೆ 320 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700. ಕಾಗದದ ಲೆಕ್ಕದಲ್ಲಿ ಸಕ್ಕರೆಯೊಂದನ್ನು ಬಿಟ್ಟರೇ ಇಪ್ಪತ್ನಾಲ್ಕು ದಿನಕ್ಕೆ ಒಂದು ಕಿಲೋ ಇಳಿಯಬೇಕು. ದೇಹ ಕಾಗದದಷ್ಟು ಪ್ರಾಮಾಣಿಕವಲ್ಲ, ನಿಜ. ಆದರೂ ಡೀಸೆಲ್ಲಿನಲ್ಲಿ ಲೀಟರಿಗೆ ಕಾಲು ಕಿಲೋಮೀಟರ್ ಉಳಿಸಲು ಇಳಿಜಾರನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಳ್ಳುವ ಮನುಷ್ಯನಿಗೆ ಈ ಲೆಕ್ಕ ಕಷ್ಟವಾಗಬಾರದು.

ಲೆಕ್ಕ ತಿಳಿದವನೂ ಮೂರನೇ ದಿನ ಸಕ್ಕರೆ ಹಾಕಿಸಿಕೊಳ್ಳುತ್ತಾನಲ್ಲ, ಅದಕ್ಕೇನು ಹೇಳುತ್ತೀರಿ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಅದೇ ಹೆದ್ದಾರಿಯಲ್ಲಿ ಪ್ರತಿ ವರ್ಷ ನವೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಕಪ್ಪು ಪಂಚೆ ಉಟ್ಟು ಓಡಾಡುತ್ತದೆ. ಅಯ್ಯಪ್ಪನ ಮಾಲೆ ಹಾಕಿದ ಡ್ರೈವರನ್ನು ನೋಡಿ. ಅದೇ ಲಾರಿ, ಅದೇ ರಾತ್ರಿ, ಅದೇ ಧಾಬಾ, ಅದೇ ದಣಿವು. ಆದರೆ 41 ದಿನ ಮಾಂಸವಿಲ್ಲ, ಎಣ್ಣೆಯಿಲ್ಲ — ಎರಡನೆಯದು ಶೇಂಗಾ ಎಣ್ಣೆಯಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಚಳಿಯಲ್ಲಿ ತಣ್ಣೀರ ಸ್ನಾನ, ಬರಿಗಾಲಲ್ಲೇ ಕ್ಲಚ್ಚು. ಮೊನ್ನೆಯವರೆಗೆ ಮೂರು ದಿನ ಪಥ್ಯ ಮಾಡಲಾಗದವನು ಇವನೇ! ರಾತ್ರೋರಾತ್ರಿ ಇವನ ಮನಸ್ಸು ಕಬ್ಬಿಣವಾಯಿತೆ? ಇಲ್ಲ. ಮೊದಲನೆಯದಾಗಿ, ವ್ರತಕ್ಕೆ ಮುಗಿಯುವ ದಿನವೊಂದಿದೆ; "ಇನ್ನು ಜನ್ಮದಲ್ಲಿ ತಿನ್ನುವುದಿಲ್ಲ" ಎಂಬ ಭಯಂಕರ ಪ್ರತಿಜ್ಞೆ ಇಲ್ಲಿಲ್ಲ. ಇನ್ನು ಬಟ್ಟೆಯ ಮಹಿಮೆ. ಕಪ್ಪು ಪಂಚೆ ಕಂಡೊಡನೆ ಹೋಟೆಲಿನ ಹುಡುಗನೇ, "ಸ್ವಾಮಿ, ನಿಮಗೆ ಬೇರೆ ಪಾತ್ರೇಲಿ ಮಾಡಿಸ್ತೀನಿ" ಎನ್ನುತ್ತಾನೆ. "ಒಂದ್ ಪೀಸ್ ತಿಂದ್ರೆ ಏನಾಗುತ್ತೆ ಬಾ" ಎಂದು ಎಳೆಯುತ್ತಿದ್ದ ಗೆಳೆಯನೇ ಕಾವಲಿಗೆ ನಿಲ್ಲುತ್ತಾನೆ. ಗುರುಸ್ವಾಮಿ ಇದ್ದಾರೆ, ಸಂಜೆ ಭಜನೆಗೆ ಜೊತೆಗಾರರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಇವತ್ತು ತಿನ್ನಲೋ ಬೇಡವೋ ಎಂಬ ಚೌಕಾಸಿ ದಿನಕ್ಕೆ ಹತ್ತು ಸಲ ನಡೆಯುವುದಿಲ್ಲ. ಮಾಲೆ ಹಾಕಿದ ದಿನವೇ ವ್ಯವಹಾರ ಮುಗಿದಿದೆ. ಮನಸ್ಸು ಮಾಡುವ ಕಷ್ಟ ಒಂದೇ ಬೆಳಗಿನದು. ಉಳಿದ ನಲವತ್ತು ದಿನ ಊರೇ ಅವನ ಪರವಾಗಿ ಮನಸ್ಸು ಮಾಡುತ್ತದೆ.

ಅದು ದೇವರ ಭಯ, ತೂಕ ಇಳಿಸುವುದಕ್ಕೆ ದೇವರನ್ನು ಎಲ್ಲಿಂದ ತರುವುದು ಎಂಬ ಆಕ್ಷೇಪ ಬಂದೇ ಬರುತ್ತದೆ. ಭಯದ ಪಾಲು ಇಲ್ಲವೆನ್ನುವುದಿಲ್ಲ. ಆದರೆ ಮಾಲೆ ತೆಗೆದ ಮೇಲೂ ಅಯ್ಯಪ್ಪ ಶಬರಿಮಲೆಯಲ್ಲೇ ಇರುತ್ತಾನೆ, ಭಕ್ತಿಯೂ ಎದೆಯಲ್ಲೇ ಇರುತ್ತದೆ. ಹಾಗಿದ್ದೂ ವಾಪಸು ಬರುವ ದಾರಿಯ ಮೊದಲ ಧಾಬಾದಲ್ಲೇ ಕೋಳಿಗೆ ಆರ್ಡರ್ ಹೋಗುತ್ತದೆ. ಹೋದದ್ದು ತಾರೀಖು, ಬಟ್ಟೆ, ಜೊತೆ. ಅಂದಮೇಲೆ ಕೆಲಸ ಮಾಡುತ್ತಿದ್ದದ್ದು ಯಾವುದು? ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತರೆ ಸಾಲದೆ ಎನ್ನುವವರೂ ಇದ್ದಾರೆ. ಚಿತ್ರದುರ್ಗ, ಬಳ್ಳಾರಿಯಿಂದಲ್ಲದೆ ಆಂಧ್ರದ ಕಡೆಯಿಂದಲೂ ಜನ ಎತ್ತಿನಗಾಡಿ, ಟ್ರ್ಯಾಕ್ಟರು, ಲಾರಿ ಕಟ್ಟಿಕೊಂಡು ಬಂದು, ಈರುಳ್ಳಿ ತೂರಿ ಹರಕೆ ತೀರಿಸುವ ಜಾತ್ರೆ ಅದು. ಅಮ್ಮನ ಶಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಹರಕೆಯ ಕ್ರಮದ ಬಗ್ಗೆ. ವ್ರತದಲ್ಲಿ ಕಷ್ಟ ಮೊದಲು, ಫಲ ಆಮೇಲೆ. ಹರಕೆಯಲ್ಲಿ ಫಲ ಮೊದಲು, ಸಲ್ಲಿಕೆ ಆಮೇಲೆ. ಹೊಟ್ಟೆ ಕರಗಿದರೆ ಊರಿಗೆಲ್ಲ ಬಾಡೂಟ ಹಾಕಿಸುತ್ತೇನೆಂದು ಹೊತ್ತುಕೊಂಡವನ ಹೊಟ್ಟೆ ಎಷ್ಟು ದಿನ ಕರಗಿದ್ದೀತು? ಜಾತ್ರೆಯಿಂದ ಜಾತ್ರೆಗೆ ಒಂದು ವರ್ಷದ ಗಡುವು ಇಟ್ಟುಕೊಳ್ಳುವುದು ಮಾತ್ರ ಒಳ್ಳೆಯ ಉಪಾಯ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಯುವುದು ಸರಿಯಾದ ವೇಗ ಎಂದು ವೈದ್ಯರು ಹೇಳುತ್ತಾರಾದ್ದರಿಂದ ಮೂವತ್ತು ಕಿಲೋಗೆ ಸುಮಾರು ಅಷ್ಟು ಕಾಲ ಬೇಕು. ನಲವತ್ತೊಂದು ದಿನದ ಒಂದು ಮಂಡಲ ಬಿಗಿ, ಆಮೇಲೆ ಕೆಲವು ದಿನ ಇಳಿದಷ್ಟನ್ನು ಉಳಿಸಿಕೊಳ್ಳುವುದು, ಮತ್ತೆ ಒಂದು ಮಂಡಲ. ಕಪ್ಪು ಪಂಚೆಗೆ ಬದಲಾಗಿ ಕೈಗೊಂದು ದಾರ ಸಾಕು, ಅದರ ಅರ್ಥ ತಾನು ನಿಲ್ಲಿಸುವ ಹೋಟೆಲುಗಳಿಗೆಲ್ಲ ತಿಳಿದಿರಬೇಕು ಅಷ್ಟೆ. ಶನಿವಾರದ ಒಪ್ಪತ್ತನ್ನು ಮಾತ್ರ ನಂಬಬೇಡಿ; ನಮ್ಮಲ್ಲಿ ಒಪ್ಪತ್ತಿನ ಉಪ್ಪಿಟ್ಟು, ಬಾಳೆಹಣ್ಣು, ಅವಲಕ್ಕಿ ಸೇರಿ ಎರಡೂಟವನ್ನು ಮೀರಿಸುತ್ತವೆ.

ಇಲ್ಲಿ ತಮಾಷೆ ಬಿಟ್ಟು ಒಂದು ಮಾತು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಡ್ರೈವರು ಡಾಕ್ಟರನ್ನು ಕೇಳದೆ ಊಟ ಬಿಡಕೂಡದು. ಸಕ್ಕರೆ ಅಂಶ ದಿಢೀರನೆ ಇಳಿದು ಕಣ್ಣು ಕತ್ತಲಿಟ್ಟರೆ ಅವನ ಹಿಂದೆ ಹತ್ತಾರು ಟನ್ ಭಾರ ನುಗ್ಗುತ್ತಿರುತ್ತದೆ. ದಪ್ಪ ಕುತ್ತಿಗೆಯವರಿಗೆ ನಿದ್ದೆಯಲ್ಲಿ ಉಸಿರು ಕಟ್ಟಿಕಟ್ಟಿ ಗೊರಕೆ ಬರುವುದು, ಹಗಲು ಸ್ಟೇರಿಂಗ್ ಮೇಲೆ ತೂಕಡಿಕೆ ಬರುವುದು ಕೂಡ ಕಾಯಿಲೆಯೇ. ಅದಕ್ಕೆ ಟೀ ಮದ್ದಲ್ಲ. ಕ್ಯಾಬಿನ್ನಿನ ಕಾವಿಗೆ ಬೆವರು ಸುರಿದರೆ ಕೊಬ್ಬು ಕರಗುತ್ತದೆ ಎಂಬ ನಂಬಿಕೆಯೂ ಹೆದ್ದಾರಿಯಲ್ಲಿದೆ. ಹೋಗುವುದು ನೀರು, ಬಾಟಲಿ ಎತ್ತಿದೊಡನೆ ವಾಪಸು ಬರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿರುವುದಕ್ಕೆ ಯಾವ ಹೊಟ್ಟೆಯೂ ಹೆದರಬೇಕಾಗಿಲ್ಲ. ತಂಪಿನಲ್ಲಿ ನಿದ್ದೆ ಚೆನ್ನಾಗಿ ಆದರೆ ಹಸಿವೂ ಹದಕ್ಕೆ ಬರುತ್ತದೆ.

ತಪ್ಪೆಲ್ಲ ದುಡಿಸುವ ರೀತಿಯದ್ದಾದರೆ ಅದನ್ನು ಸರಿಪಡಿಸಿ, ಡ್ರೈವರಿಗೇಕೆ ದಾರ ಕಟ್ಟುತ್ತೀರಿ ಎಂಬುದು ಗಟ್ಟಿಯಾದ ಆಕ್ಷೇಪ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಸ್ಪಷ್ಟವಾಗಿ ಹೇಳಿತ್ತು. ಅದು ನಡೆದಿದ್ದರೆ ಈ ಬರಹವೇ ಬೇಕಿರಲಿಲ್ಲ. ನಡೆಯಲಿ ಎಂದು ಹೋರಾಡೋಣ. ಆದರೆ ಹೋರಾಟ ಗೆಲ್ಲುವವರೆಗೆ ಹೃದಯ ಕಾಯುವುದಿಲ್ಲ. ಸರಕಾರಕ್ಕೆ ತೂಕದ ಮೇಲೆ ಕಾಳಜಿಯಿಲ್ಲ ಎಂದೂ ಹೇಳುವಂತಿಲ್ಲ. ಮೂರು ಆಕ್ಸೆಲ್ ಲಾರಿಯ ಒಟ್ಟು ತೂಕ 28.5 ಟನ್ ದಾಟಕೂಡದು ಎಂದು 2018ರಲ್ಲಿ ಗೊತ್ತುಮಾಡಿತು. ದಾಟಿದರೆ 20,000 ರೂಪಾಯಿ ದಂಡ, ಮೇಲೆ ಟನ್ನಿಗೆ ಎರಡೆರಡು ಸಾವಿರ ಎಂದು 2019ರ ತಿದ್ದುಪಡಿ ಸೇರಿಸಿತು. ಡ್ರೈವರಿನ ಮೂವತ್ತು ಕಿಲೋ ಹೆಚ್ಚುವರಿ ಆ ಲೆಕ್ಕದಲ್ಲಿ ಸಾವಿರಕ್ಕೊಂದು ಪಾಲು, ಅರ್ಧ ಚೀಲ ಈರುಳ್ಳಿ. ಲಾರಿಯನ್ನು ತೂಗುವ ವೇಬ್ರಿಡ್ಜಿನ ಕಣ್ಣಿಗೆ ಅದು ಬೀಳುವುದೂ ಕಷ್ಟ. ಆದರೆ ಡ್ರೈವರಿನ ಕಣ್ಣಿಗೆ ಅದು ಬೀಳಲೇಬೇಕು. ವಾರಕ್ಕೊಮ್ಮೆ ತಪ್ಪದೆ ತೂಕ ನೋಡಿಕೊಳ್ಳುವವರು ಇಳಿದ ತೂಕವನ್ನು ಉಳಿಸಿಕೊಳ್ಳುವುದು ಹೆಚ್ಚು. ಮುಳ್ಳು ಒಂದು ಕಿಲೋ ಕೆಳಗೆ ತೋರಿಸಿದ ದಿನ ಯಾರೂ ಉಪದೇಶಿಸದಿದ್ದರೂ ಹುಮ್ಮಸ್ಸು ತಾನಾಗಿ ಬರುತ್ತದೆ. ಆದ್ದರಿಂದ ಹಿರಿಯೂರಿನಿಂದ ಬಳ್ಳಾರಿಯವರೆಗಿನ ವೇಬ್ರಿಡ್ಜ್ ಮಾಲೀಕರಲ್ಲಿ ಒಂದು ಅರಿಕೆ: ಲಾರಿ ತೂಗುವ ಜಾಗದ ಪಕ್ಕದಲ್ಲೇ ಆಳು ತೂಗುವ ಸಣ್ಣ ಯಂತ್ರವೊಂದನ್ನು ಇಡಿ. ಬೇಕಾದರೆ ಐದು ರೂಪಾಯಿ ತೆಗೆದುಕೊಳ್ಳಿ, ಚೀಟಿಯನ್ನೂ ಕೊಡಿ. ಆ ಚೀಟಿಯನ್ನು ಲಾರಿ ಓನರಿಗೆ ಮಾತ್ರ ತೋರಿಸಬೇಡಿ. ಇಳಿದ ಮೂವತ್ತು ಕಿಲೋಗೆ ಅರ್ಧ ಚೀಲ ಹೆಚ್ಚಿಗೆ ಹೇರಿಸಿಬಿಟ್ಟಾರು.