ಮೂವತ್ತೈದರಲ್ಲೊಂದು ಪಾಲಿನ ದಂಡನಾಯಕ

ಇವರನ್ನು ಗುರುತಿಸುವುದು ಸುಲಭ. ವಯಸ್ಸು ನಲವತ್ತೈದು ದಾಟಿರುತ್ತದೆ. ಬ್ಯಾಂಕಿನಲ್ಲೋ ಸಾಫ್ಟ್‌ವೇರಿನಲ್ಲೋ ಒಳ್ಳೆಯ ಕೆಲಸ, ಬೆಂಗಳೂರಿನಲ್ಲಿ ಸ್ವಂತ ಫ್ಲ್ಯಾಟು, ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಎಷ್ಟು ಉಜ್ಜಿದರೂ ಹೋಗದ ಹಸಿರು ಬಣ್ಣ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ಆ ಹಸಿರನ್ನು ಕಂಡು, "ಏನ್ ಸಾರ್, ಮನೆಗೆ ಪೇಂಟ್ ಹೊಡೆಸ್ತಿದೀರಾ?" ಎಂದು ಸೌಜನ್ಯಕ್ಕೆ ಕೇಳಿದರೆ ಮುಗಿಯಿತು. ಪಾಯಸ ಬರುವಷ್ಟರಲ್ಲಿ ಆ ಬಡಪಾಯಿ 1944ರ ಉಕ್ರೇನಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ, ಸೋವಿಯತ್ ಪಡೆಯ ಹಿಂದೆ ಕಾಲೆಳೆಯುತ್ತಿರುತ್ತಾನೆ. ಮಜ್ಜಿಗೆ ಬಂದರೂ ಬಿಡುಗಡೆಯಿಲ್ಲ.

ಪ್ಲಾಸ್ಟಿಕ್ ಟ್ಯಾಂಕ್ ಕಟ್ಟಿ ಬಣ್ಣ ಬಳಿಯುವವರು ಇವರು. ಆಟಿಕೆ ಎಂದಿರೋ, ಕೆಟ್ಟಿರಿ. ಅದು ಸ್ಕೇಲ್ ಮಾಡೆಲ್. ಅಸಲಿ ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನೆಲ್ಲ ಮೂವತ್ತೈದು ಪಾಲು ಮಾಡಿ ಒಂದು ಪಾಲು ಉಳಿಸಿಕೊಂಡದ್ದು. ಮೂವತ್ತು ಟನ್ ತೂಕದ, ಹೆಚ್ಚುಕಡಿಮೆ ಆರು ಮೀಟರ್ ಉದ್ದದ ಟಿ-34 ಈ ಲೆಕ್ಕದಲ್ಲಿ 17 ಸೆಂಟಿಮೀಟರಿಗೆ ಇಳಿದು ಊಟದ ತಟ್ಟೆಯಲ್ಲಿ ಕೂರುತ್ತದೆ. ನಮ್ಮ ಬಳಗದಲ್ಲಿ ಈ ಪಂಗಡದ ಪ್ರತಿನಿಧಿ ನನ್ನ ಷಡ್ಡಕರು, ಹೆಂಡತಿಯ ಅಕ್ಕನ ಗಂಡ. ಬರೀ 'ಟಿ-34' ಎಂದು ಬರೆದು ಬಿಟ್ಟರೆ ಅವರು ಒಂದು ತಿಂಗಳು ಫೋನ್ ಎತ್ತುವುದಿಲ್ಲ. ಆದ್ದರಿಂದ ಸೇರಿಸುತ್ತೇನೆ: 1943ರ ಮಾದರಿ, ಆರು ಮೂಲೆಯ ಟರೆಟ್ಟು.

ಕಿಟ್ಟುಗಳು ಬರುವುದು ಆಫೀಸಿನ ವಿಳಾಸಕ್ಕೆ. ಮನೆಗೆ ಪ್ರವೇಶ ಲ್ಯಾಪ್‌ಟಾಪ್ ಚೀಲದಲ್ಲಿ, ರಾತ್ರಿ ಹೊತ್ತು. ಬೆಲೆ ಕೇಳಿದರೆ ಅರ್ಧ ಹೇಳುವುದು ಇವರ ಪೈಕಿ ಎಲ್ಲರೂ ಪಾಲಿಸುವ ಧರ್ಮ. ಉಳಿದರ್ಧ ಕಸ್ಟಮ್ಸ್ ಸುಂಕದ ಲೆಕ್ಕಕ್ಕೆ ಸದ್ದಿಲ್ಲದೆ ಹೋಗುತ್ತದೆ. ತಂದ ಡಬ್ಬಿಯನ್ನು ಒಮ್ಮೆ ತೆರೆದು, ಫ್ರೇಮುಗಳನ್ನು ಬೆಳಕಿಗೆ ಹಿಡಿದು, ಪ್ಲಾಸ್ಟಿಕ್ಕಿನ ವಾಸನೆ ಎಳೆದುಕೊಂಡು, ಮುಚ್ಚಿ ಅಟ್ಟಕ್ಕೆ ಏರಿಸುತ್ತಾರೆ. ಕಟ್ಟುವುದು ರಿಟೈರ್ ಆದ ಮೇಲೆ. ವರ್ಷಕ್ಕೆ ಎರಡು ಟ್ಯಾಂಕ್ ಮುಗಿದರೆ ಹೆಚ್ಚು, ಕೊಳ್ಳುವುದು ತಿಂಗಳಿಗೊಂದು. ನಮ್ಮ ಅತ್ತಿಗೆ ಒಮ್ಮೆ ಅಟ್ಟದ ಡಬ್ಬಿಗಳನ್ನೆಲ್ಲ ಎಣಿಸಿ, ಮನಸ್ಸಿನಲ್ಲೇ ಭಾಗಾಕಾರ ಮಾಡಿ, ಸಮಾಧಾನದಿಂದ ಕೆಳಗಿಳಿದರು. "ಇದನ್ನೆಲ್ಲ ಕಟ್ಟಿ ಮುಗಿಸೋವರೆಗೆ ಯಮಧರ್ಮನೂ ಕಾಯಬೇಕು. ನನ್ನ ಮುತ್ತೈದೆತನಕ್ಕೆ ಭಯ ಇಲ್ಲ ಬಿಡು."

ಕಾರ್ಖಾನೆ ಇರುವುದು ಯುಟಿಲಿಟಿ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕ. ಅಲ್ಲಿಗೆ ಅತ್ತಿಗೆಯ ನೇಲ್ ಫೈಲು, ಸೂಜಿಡಬ್ಬಿ, ಬಟ್ಟೆ ಕ್ಲಿಪ್ಪು, ಹಳೆಯ ಟೂತ್‌ಬ್ರಷ್ಷು ಒಂದೊಂದಾಗಿ ವರ್ಗವಾಗಿ ಹೋಗಿವೆ. ವಾಪಸು ಬಂದ ದಾಖಲೆ ಇಲ್ಲ. ಟಿ-34ಗೆ ಒಂದೊಂದು ಬದಿಗೆ ಐದು ಜೋಡಿ ಗಾಲಿ. ಅಚ್ಚಿನ ಎರಡು ಹೋಳು ಕೂಡುವ ಕಡೆ ಪ್ರತಿ ಗಾಲಿಯ ಅಂಚಿನಲ್ಲೂ ಕೂದಲೆಳೆಯಷ್ಟು ಗೆರೆ ಉಳಿದಿರುತ್ತದೆ. ಅದನ್ನು ಉಜ್ಜಿ ಹಾಕದಿದ್ದರೆ ಇವರಿಗೆ ನಿದ್ದೆ ಬಾರದು. ಬಚ್ಚಲುಮನೆಯ ಬಾಗಿಲ ಚಿಲಕ ಕಿತ್ತು ಕಾಲವಾಯಿತು, ಒಳಗೆ ಹೋದವರು ಹಾಡು ಹೇಳಿಕೊಳ್ಳುತ್ತ ಸ್ನಾನ ಮಾಡಬೇಕು. ಅದರ ಬಗ್ಗೆ ಇವರದು "ಮಾಡಿಸೋಣ". ಟ್ಯಾಂಕಿನ ಪಟ್ಟಿಯಂತೂ ಬದಿಗೆ ಎಪ್ಪತ್ತಕ್ಕೂ ಹೆಚ್ಚು ಕೊಂಡಿ. ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಿ, ಅಂಟು ಪೂರ್ತಿ ಒಣಗುವ ಮುಂಚೆ ಗಾಲಿಯ ಸುತ್ತ ಬಾಗಿಸಿ ಕೂರಿಸಬೇಕು. ಆ ಹೊತ್ತಿನಲ್ಲಿ ಗ್ಯಾಸ್ ಸಿಲಿಂಡರಿನವನು ಬಂದು ಬೆಲ್ ಒತ್ತಿದರೆ ಆ ತಿಂಗಳು ಸಿಲಿಂಡರ್ ಇಲ್ಲ.

ಇದೆಲ್ಲಕ್ಕಿಂತ ಭಯಂಕರವಾದದ್ದು ಹಿತ್ತಾಳೆ ತಗಡಿನ ಬಿಡಿಭಾಗ. ಪ್ಲಾಸ್ಟಿಕ್ಕಿನಲ್ಲಿ ಇಷ್ಟು ತೆಳ್ಳಗೆ ಬಾರದೆಂದು ಸಣ್ಣಪುಟ್ಟ ಹಿಡಿಕೆ, ಬಿಗಿಪಟ್ಟಿ, ಜಾಲರಿಗಳನ್ನು ಹಿತ್ತಾಳೆಯಲ್ಲಿ ಕೊಟ್ಟಿರುತ್ತಾರೆ. ಎಳ್ಳಿಗಿಂತ ಚಿಕ್ಕದು. ಚಿಮಟದ ಬಾಯಿಂದ ಹಾರಿತೆಂದರೆ ಮನೆಯಲ್ಲಿ ತುರ್ತು ಪರಿಸ್ಥಿತಿ. "ಯಾರೂ ಕಾಲು ಎತ್ತಬೇಡಿ!" ಫ್ಯಾನ್ ಬಂದ್. ಟಾರ್ಚನ್ನು ನೆಲಕ್ಕೆ ಒರಗಿಸಿ ಅಡ್ಡಡ್ಡ ಬೆಳಕು ಬಿಟ್ಟರೆ ಎಷ್ಟು ಚಿಕ್ಕದರ ನೆರಳಾದರೂ ಉದ್ದವಾಗಿ ಬೀಳುತ್ತದೆ. ಹಾಗೆ ಬೆಳಕು ಬಿಟ್ಟು ಇಡೀ ಸಂಸಾರ ಅಂಬೆಗಾಲಿಕ್ಕಿ ಮೊಸಾಯಿಕ್ ನೆಲ ಸೋಸುತ್ತದೆ. ಒಂದು ಸಾರಿ ಸಿಕ್ಕಿದ್ದು ಅತ್ತಿಗೆಗೇ. ಎತ್ತಿ ಕೊಡುವ ಮುಂಚೆ ಅಂಗೈಯಲ್ಲಿಟ್ಟು ನೋಡುತ್ತ ಹೇಳಿದರು: "ಹೋದ ಯುಗಾದಿಗೆ ನನ್ನ ಓಲೆ ತಿರುಪು ಬಿದ್ದಾಗ 'ಬೆಳಿಗ್ಗೆ ಕಸ ಗುಡಿಸುವಾಗ ಸಿಗತ್ತೆ ಬಿಡೆ' ಅಂದಿದ್ರಿ. ಅದು ಚಿನ್ನದ್ದು ರೀ."

ಬಣ್ಣದ ವಿಷಯಕ್ಕೆ ಬಂದರೆ, ಸೋವಿಯತ್ ಟ್ಯಾಂಕುಗಳಿಗೆ ಬಳಿಯುತ್ತಿದ್ದ ಹಸಿರಿಗೆ 4ಬಿಒ ಎಂದು ಹೆಸರು. ಅದು ನಿಜವಾಗಿ ಎಂಥ ಹಸಿರು ಎಂಬುದರ ಮೇಲೆ ಈ ಹವ್ಯಾಸಿಗಳಲ್ಲಿ ಮಾತು ಬಿಟ್ಟವರಿದ್ದಾರೆ. ಒಬ್ಬರಿಗೆ ಹುಲ್ಲಿನ ಹಸಿರು, ಒಬ್ಬರಿಗೆ ಆಲಿವ್, ಇನ್ನೊಬ್ಬರ ಪ್ರಕಾರ ಬಿಸಿಲಿಗೆ ಕಂದಿದ ಮೇಲೆ ನೋಡಬೇಕು. ಜರ್ಮನ್ ಪಕ್ಷದವರ ಗೋಳು ಬೇರೆ: 1943ರ ಫೆಬ್ರವರಿಯಲ್ಲಿ ಬೂದುಬಣ್ಣ ಬಿಟ್ಟು ಮಾಸಲು ಹಳದಿ ಬಳಿಯಬೇಕೆಂದು ಅಪ್ಪಣೆಯಾಯಿತಲ್ಲ, ಆ ಹಳದಿ ಎಷ್ಟು ಹಳದಿ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಷಡ್ಡಕರು ನಾಲ್ಕು ಬಾಟಲಿಯ ಹಸಿರು ಬೆರೆಸಿ, ಇಷ್ಟು ಚಿಕ್ಕ ಟ್ಯಾಂಕಿಗೆ ಅಸಲಿ ಬಣ್ಣ ಬಳಿದರೆ ಕಪ್ಪಾಗಿ ಕಾಣುತ್ತದೆಂದು ಅದಕ್ಕೆ ಒಂದು ಹನಿ ತಿಳಿಬಣ್ಣ ಹಾಕಿ, ಚಮಚದ ಬೆನ್ನಿಗೆ ಬಳಿದು, ಟೆರೇಸಿಗೆ ಹೋಗಿ ಬಿಸಿಲಿನಲ್ಲಿ ನೋಡಿ ಬರುತ್ತಾರೆ. ಮಧ್ಯಾಹ್ನ ಅದೇ ಚಮಚ ಮೊಸರಿನಲ್ಲಿ ಕಂಡಿದ್ದೂ ಉಂಟು. ಇದೇ ಮನುಷ್ಯ, ಸ್ವಂತ ಫ್ಲ್ಯಾಟಿಗೆ ಬಣ್ಣ ಹೊಡೆಸುವಾಗ ಅತ್ತಿಗೆ ಶೇಡ್ ಕಾರ್ಡ್ ಮುಂದೆ ಹಿಡಿದರೆ ಕಣ್ಣೆತ್ತಲಿಲ್ಲ. "ಯಾವ್ದಾದ್ರೂ ಹೊಡಸು, ಎಲ್ಲಾ ಒಂದೇ." ಹಾಲಿನ ಗೋಡೆ ಕಡುಗುಲಾಬಿಯಾಗಿ ವರ್ಷವಾಯಿತು. ಅವರು ಇನ್ನೂ ಗಮನಿಸಿಲ್ಲ.

ಹೊಸದಾಗಿ ಬಣ್ಣ ಬಳಿದ ಟ್ಯಾಂಕ್ ನೋಡಲು ಬಲು ಚೆನ್ನ. ಅಲ್ಲಿಗೆ ನಿಲ್ಲಿಸಬಾರದೆ? ಉಹೂಂ. ಅಸಲು ಕೆಲಸ ಶುರುವಾಗುವುದು ಅಲ್ಲಿಂದ: ಹೊಸದನ್ನು ಹಾಳು ಮಾಡುವುದು. ತುಕ್ಕಿನ ಬಣ್ಣ ಬಳಿದು, ಅದರ ಮೇಲೆ ಹೇರ್ ಸ್ಪ್ರೇ ಹೊಡೆದು, ಒಣಗಿದ ಮೇಲೆ ಹಸಿರು ಬಳಿದು, ಆಮೇಲೆ ನೀರು ತಾಗಿಸಿ ಬ್ರಷ್ಷಿನಿಂದ ಕೆರೆಯಬೇಕು. ಹೇರ್ ಸ್ಪ್ರೇ ನೀರಿಗೆ ಕರಗುವುದರಿಂದ ಮೇಲಿನ ಹಸಿರು ಚಕ್ಕೆಚಕ್ಕೆಯಾಗಿ ಎದ್ದು ಒಳಗಿನ ತುಕ್ಕು ಇಣುಕುತ್ತದೆ. ಉಪಾಯ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ತಲೆಯ ಮೇಲೆ ಒಂದೂ ಕೂದಲಿಲ್ಲದ ಗಂಡಸು ಫ್ಯಾನ್ಸಿ ಸ್ಟೋರಿಗೆ ಹೋಗಿ, ಹುಡುಗಿಯರ ಸಾಲಿನಲ್ಲಿ ನಿಂತು, "ಇದು ಎಷ್ಟು ಗಟ್ಟಿಯಾಗಿ ಹಿಡಿಯತ್ತಮ್ಮ?" ಎಂದು ಹೇರ್ ಸ್ಪ್ರೇ ಆರಿಸುವಾಗ ಜೊತೆಗೆ ಹೋದವರು ಬಳೆ ನೋಡುವವರ ನಟನೆ ಮಾಡಬೇಕಾಗುತ್ತದೆ.

ಮುಗಿದ ಟ್ಯಾಂಕುಗಳಿಗೆ ಗಾಜಿನ ಕಪಾಟು. ಮನೆಗೆ ಬಂದ ಮಕ್ಕಳೆಲ್ಲ ಅದಕ್ಕೆ ಮೂಗು ಒತ್ತಿ ಕೇಳುವುದು ಒಂದೇ: "ಅಂಕಲ್, ಇದು ಓಡತ್ತಾ?" ಷಡ್ಡಕರ ಮುಖ ಹುಳ್ಳಗಾಗುತ್ತದೆ. ವಾಸ್ತವವಾಗಿ ಮಗುವಿನ ಪ್ರಶ್ನೆಯೇ ಸರಿ. ಜಪಾನಿನ ಷಿಜುವೊಕಾದಲ್ಲಿ ಮರದ ವ್ಯಾಪಾರದಿಂದ ಶುರುಮಾಡಿದ ಟಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನ್ ಪ್ಯಾಂಥರ್ ಟ್ಯಾಂಕಿನ ಮಾಡೆಲ್ ತಂದಿತು. ಅದು ಮೋಟಾರಿನ ಮೇಲೆ ಓಡುವ ಮಾಡೆಲ್. ಒಳಗೆ ಮೋಟಾರು, ಬ್ಯಾಟರಿ ಸೆಲ್ಲುಗಳು ಹಿಡಿಸುವಂತೆ ಒಡಲಿನ ಅಳತೆ ಇಟ್ಟುಕೊಂಡರು. ಆಮೇಲೆ ಲೆಕ್ಕ ಹಾಕಿದರೆ ಅದು ಮೂವತ್ತೈದರಲ್ಲೊಂದರ ಆಸುಪಾಸಿಗೆ ಬಂತು. ಇವತ್ತು ಅರ್ಧ ಮಿಲಿಮೀಟರಿಗೆ ಜಗಳ ಕಾಯುವ ಪಂಡಿತರ ಈ ಪವಿತ್ರ ಪ್ರಮಾಣದ ಮೂಲ ಬ್ಯಾಟರಿ ಸೆಲ್ಲು. ಇದನ್ನು ನಾನು ಷಡ್ಡಕರಿಗೆ ಜ್ಞಾಪಿಸಿದರೆ, "ಕಾಫಿ ತಗೊಳ್ಳಿ, ಆರತ್ತೆ" ಎನ್ನುತ್ತಾರೆ.

ಇವರ ತೀರ್ಥಯಾತ್ರೆಗಳೂ ಹೀಗೆಯೇ. ಅತ್ತೆ-ಮಾವನವರನ್ನು ಶಿರಡಿಗೆ ಕರೆದುಕೊಂಡು ಹೋಗುತ್ತೇನೆಂದು ತಾವಾಗಿಯೇ ಮುಂದೆ ಬಂದಾಗ ನಮಗೆಲ್ಲ ಆಶ್ಚರ್ಯ. ಶಿರಡಿಯ ದಾರಿಯಲ್ಲಿ ಅಹ್ಮದ್‌ನಗರ ಸಿಗುತ್ತದೆ, ಈಗ ಅಹಿಲ್ಯಾನಗರ. ಅಲ್ಲಿ 1994ರಲ್ಲಿ ಸ್ಥಾಪನೆಯಾದ ಸೇನೆಯ ಟ್ಯಾಂಕ್ ಮ್ಯೂಸಿಯಂ ಇದೆ. ಬಾಬಾನ ದರ್ಶನ ಅರ್ಧ ಗಂಟೆ, ಟ್ಯಾಂಕುಗಳ ದರ್ಶನ ಇಡೀ ಮಧ್ಯಾಹ್ನ. ಪ್ರತಿ ಟ್ಯಾಂಕಿನ ಕೆಳಗೂ ಬಗ್ಗಿ ಗಾಲಿಯ ಹಿಂಭಾಗದ ಫೋಟೊ. ಸೆಂಚುರಿಯನ್ ಮುಂದೆ ಮಾತ್ರ ಷಡ್ಡಕರು ಕ್ಯಾಮೆರಾ ಇಳಿಸಿ ಸುಮ್ಮನೆ ನಿಂತರಂತೆ. 1971ರ ಡಿಸೆಂಬರ್ 16ರಂದು, ಬಸಂತರ್ ಕಾಳಗದಲ್ಲಿ, 21 ವರ್ಷದ ಅರುಣ್ ಖೇತ್ರಪಾಲ್ ಕೊನೆಯುಸಿರಿನವರೆಗೆ ಹೋರಾಡಿದ್ದು ಅಂಥದೇ ಟ್ಯಾಂಕಿನೊಳಗೆ. ಪರಮವೀರ ಚಕ್ರ ಮರಣೋತ್ತರವಾಗಿ ಬಂತು. ಮಾತಿನ ಮಲ್ಲರಾದ ಷಡ್ಡಕರು ಅಷ್ಟು ಹೊತ್ತು ಬಾಯಿ ಬಿಡದೆ ನಿಂತದ್ದನ್ನು ಕಂಡು ಅತ್ತೆಯವರು ಹುಷಾರಿಲ್ಲವೇನೋ ಎಂದು ಹೆದರಿದರು.

ಮಾವನವರು ಆಗಲೇ ಪ್ಯಾಟನ್ ಟ್ಯಾಂಕಿನ ಪಟ್ಟಿಗೆ ಗೇಣು ಹಾಕಿ ಅಳೆಯುತ್ತಿದ್ದರು. ನವಲಗುಂದದ ಕಡೆಯ ರೈತರು, ಹುಟ್ಟಾ ಎರೆಹೊಲದವರು. 1965ರ ಸೆಪ್ಟೆಂಬರಿನಲ್ಲಿ ಅಸಲ್ ಉತ್ತರ್ ಕಾಳಗದಲ್ಲಿ ನಮ್ಮವರು ಹೊಲಗಳಿಗೆ ಕಾಲುವೆ ನೀರು ನುಗ್ಗಿಸಿ, ಪಾಕಿಸ್ತಾನದ ಪ್ಯಾಟನ್‌ಗಳು ಕೆಸರಿನಲ್ಲಿ ಸಿಕ್ಕಿಬೀಳುವಂತೆ ಮಾಡಿದ್ದನ್ನು ಅಳಿಯ ವಿವರಿಸಿದಾಗ ಮಾವನವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. "ನೀರ್ ಬಿಟ್ಟ ಹೊಲದಾಗ ಎತ್ತs ಇಳಿಸಂಗಿಲ್ಲ, ಇಂಥಾ ಭಾರದ್ದನ್ನ ಯಾವ ಶಾಣ್ಯಾ ಇಳಿಸಿದ?"

ಅವರು ಬೆಂಗಳೂರಿಗೆ ಬಂದದ್ದು ಷಡ್ಡಕರು ಟಿ-34ಗೆ ಕೆಸರು ಮೆತ್ತುವ ಹಂತದಲ್ಲಿದ್ದಾಗ. ಮೇಜಿನ ಮೇಲೆ ಬಣ್ಣದ ಪುಡಿಯ ಪುಟ್ಟ ಸೀಸೆಗಳು, ಎಲ್ಲವೂ ಪರದೇಶದ ಧೂಳು. ಒಂದರ ಬೆಲೆಗೆ ಎರಡು ಕಿಲೋ ತೊಗರಿಬೇಳೆ ಬರುತ್ತದೆ. ಅದಕ್ಕೆ ಪ್ಲಾಸ್ಟರು, ಅಂಟು, ಫಿಲ್ಟರಿನ ಕಾಫಿ ಗಸಿ ಕಲಸಿ ಬ್ರಷ್ಷಿನಿಂದ ಚಿಮುಕಿಸುತ್ತಿದ್ದರು. ಮಾವನವರು ಕನ್ನಡಕ ಏರಿಸಿ ನೋಡಿದರು.

"ಏನ್ರೀ ಇದು?"

"ಉಕ್ರೇನ್ ಮಣ್ಣು ಮಾವ. ಕಪ್ಪು ಮಣ್ಣು. ಮಳೆಗಾಲದ ಕೆಸರು."

"ಕರೀ ಮಣ್ಣು ಹಿಂಗ ಹತ್ತಂಗಿಲ್ರೀ ಅಳಿಯಂದ್ರ. ಇದು ಪುಟಾಣಿ ಉಗ್ಗಿದಂಗ ಆಗೇತಿ. ಮಳಿ ಆದ ಮರುದಿನ ಚಕ್ಕಡಿ ಹೊಡಕೊಂಡು ಹೋಗಿರೇನು ಎಂದರ? ಅದು ಮೆತ್ತಿ ಮೆತ್ತಿ ಗಾಲಿ ಸಂದ್ಯಾಗೆಲ್ಲ ತುಂಬಿ, ಗಾಲಿನs ಕಾಣಂಗಿಲ್ಲ. ಮ್ಯಾಲಿಂದು ಒಣಗಿ ಬೂದಿ ಬಣ್ಣ ಆಗತೈತಿ, ಬಿರೀತೈತಿ. ಕೆಳಗಿಂದು ಹಸಿ ಇರತೈತಿ, ಕರ್ರಗ."

ಷಡ್ಡಕರು ಬ್ರಷ್ ಕೆಳಗಿಟ್ಟರು. ಮಾವನವರ ದೃಷ್ಟಿ ಆಗಲೇ ಪಟ್ಟಿಗೆ ಇಳಿದಿತ್ತು.

"ಮತ್ತ ಈ ಪಟ್ಟಿಗ್ಯಾಕ ಇಷ್ಟ್ ತುಕ್ಕು? ಇದು ಓಡೂ ಗಾಡಿನೋ, ಗುಜರಿಗೆ ಹಾಕಿದ್ದೋ?"

"ಓಡೋದೇ ಮಾವ."

"ನೇಗಿಲ ಕುಡ ನೋಡೀರಿಲ್ಲೋ? ದಿನಾ ಮಣ್ಣಾಗ ತಿಕ್ಕೂ ಕಬ್ಬಿಣಕ್ಕ ಎಲ್ಲೀ ತುಕ್ಕು? ನೆಲಾ ಮುಟ್ಟೂ ಜಾಗಾ ಫಳಾ ಫಳಾ ಅನಬೇಕು." ಆಮೇಲೆ ಅಳಿಯನ ಮುಖ ಸಪ್ಪಗಾದದ್ದು ಕಂಡು ಸಮಾಧಾನಕ್ಕೆ ಒಂದು ಮಾತು ಸೇರಿಸಿದರು. "ಪಟ್ಟಿ ಅಗಲ ಐತಿ, ಅದು ಚಲೋ. ಹುಗಿಯಂಗಿಲ್ಲ."

ಅದು ನಿಜ. ಅಸಲಿ ಟಿ-34ರ ಪಟ್ಟಿ ಅರ್ಧ ಮೀಟರ್ ಅಗಲ. ಭಾರ ಹರಡಿಹೋಗುತ್ತಿದ್ದುದರಿಂದಲೇ ಜರ್ಮನರ ಸಣ್ಣ ಪಟ್ಟಿಯ ಟ್ಯಾಂಕುಗಳು ನಿಂತುಬಿಟ್ಟ ಕೆಸರಿನಲ್ಲಿ ಅದು ಈಜಿಕೊಂಡು ಹೋದದ್ದು. ಷಡ್ಡಕರು ಇದನ್ನು ತಿಳಿದುಕೊಳ್ಳಲು ಮೂರು ದಪ್ಪ ಪುಸ್ತಕ ತರಿಸಿದ್ದರು.

ಮಾವನವರು ಊರಿಗೆ ಹೋದ ವಾರಕ್ಕೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಬಂತು ಒಂದು ಉಪ್ಪಿನಕಾಯಿ ಡಬ್ಬಿ. ತುಂಬ ಎರೆಮಣ್ಣು. ಷಡ್ಡಕರು ಅದನ್ನು ಒಣಗಿಸಿ, ಕುಟ್ಟಿ, ಮೈದಾ ಜರಡಿಯಲ್ಲಿ ಗಾಳಿಸಿ (ಆ ಜರಡಿಯ ಬಗ್ಗೆ ಮನೆಯಲ್ಲಿ ಈಗಲೂ ಮಾತೆತ್ತುವಂತಿಲ್ಲ), ಫೆವಿಕಾಲ್ ನೀರಿನಲ್ಲಿ ಕಲಸಿ ಗಾಲಿಗಳ ಸಂದಿಗೆ ಮೆತ್ತಿದರು. ಒಣಗಿದಂತೆ ಅಂಚುಗಳು ಬೂದಿಬಣ್ಣಕ್ಕೆ ತಿರುಗಿ, ಸಣ್ಣಗೆ ಬಿರುಕು ಬಿಟ್ಟವು. ಕೆಳಭಾಗಕ್ಕೆ ಹೊಳಪಿನ ವಾರ್ನಿಷ್ ಸವರಿ ಹಸಿಯಾಗಿಸಿದರು. ಪಟ್ಟಿಯ ತುಕ್ಕನ್ನು ಕೆರೆದು ನೆಲ ತಾಗುವ ಕಡೆ ಪೆನ್ಸಿಲಿನ ಸೀಸದ ಪುಡಿ ಉಜ್ಜಿದರು. ಉಗುರು ಈ ಸಲ ಕಪ್ಪಾಯಿತು.

ಹವ್ಯಾಸಿಗಳ ಪ್ರದರ್ಶನವೊಂದರಲ್ಲಿ ಅದನ್ನು ಇಟ್ಟರು. ಪಂಚೆ, ಟೋಪಿಯಲ್ಲಿ ಮಾವನವರೂ ಬಂದು ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಸಿರು ಉಗುರಿನ ಮಂದಿಯೆಲ್ಲ ಅಲ್ಲಿ ಸೇರಿದ್ದರು, ಟ್ಯಾಂಕಿಗೆ ಟಾರ್ಚ್ ಬಿಟ್ಟು ಬೋಲ್ಟು ಎಣಿಸುತ್ತ. ಅವರಲ್ಲೊಬ್ಬರು ಭೂತಗನ್ನಡಿ ಹಿಡಿದು ಗಾಲಿಯ ಸಂದಿಯನ್ನು ಬಹಳ ಹೊತ್ತು ನೋಡಿ, ಎದ್ದು ನಿಂತು ತಗ್ಗಿದ ದನಿಯಲ್ಲಿ ಕೇಳಿದರು: "ಸಾರ್, ಈ ಪಿಗ್ಮೆಂಟ್ ಯಾವ ಕಂಪನೀದು?"

"ನವಲಗುಂದ," ಎಂದರು ಷಡ್ಡಕರು.

ಅವರು ಮೊಬೈಲ್ ತೆಗೆದು ಬರೆದುಕೊಂಡರು. "ಸ್ಪೆಲ್ಲಿಂಗ್ ಹೇಳ್ತೀರಾ? ಇಲ್ಲಿಗೆ ಶಿಪ್ಪಿಂಗ್ ಇದೆಯಾ?"

ಮಾವನವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಎಷ್ಟ್ ಬೇಕಾಗಿತ್ರಿ? ಒಂದ್ ಟ್ರ್ಯಾಲಿ ಸಾಕೇನು?"